ತುಂಬಿ ಬಂದ ಕ್ಯಾರಿಯರ್

ಕ್ಯಾರಿಯರ್ ಭಾರವಾಗಿಯೇ ಇತ್ತು.

ಮಧುಕುಮಾರ ಅದನ್ನು ಕೈಗೆ ತೆಗೆದುಕೊಂಡವನು ಒಡನೆಯೇ ಮೇಜಿನ ಮೇಲೆ ಇಟ್ಟುಬಿಟ್ಟ. ಮುಚ್ಚಳ ತೆರೆದು ನೋಡಬೇಕಾಗಿರಲಿಲ್ಲ. ಹತ್ತೊಂಬತ್ತು ದಿನಗಳಿಂದ ಅವನ ಕೆಲಸ ಇದೇ. ರೋಗಿಗಳ ಮನೆಯವರು ಬೆಳಿಗ್ಗೆ ತಂದ ಊಟವನ್ನು ಒಳಗೆ ಕಳಿಸುವುದು, ಮಧ್ಯಾಹ್ನ ಖಾಲಿ ಪಾತ್ರೆಯನ್ನು ಹೊರಗೆ ಕೊಡುವುದು. ಖಾಲಿ ಬಂದರೆ ಮನುಷ್ಯ ಉಂಡಿದ್ದಾನೆ. ಅರ್ಧ ಬಂದರೆ ಸೋತಿದ್ದಾನೆ. ತುಂಬಿದ್ದು ತುಂಬಿದ ಹಾಗೆಯೇ ಬಂದರೆ, ಇಲ್ಲ.

“ಯಾವಾಗ?” ಎಂದು ಕೇಳಿದ.

“ಬೆಳಗಿನ ಜಾವ ಸಾ.” ಕರಿಯಯ್ಯ ಒಳಗೆ ಕಸ ಗುಡಿಸುವವನು, ಹಾಸಿಗೆ ಬದಲಿಸುವವನು, ಹೆಣ ಸುತ್ತುವವನು. “ನನ್ ಜೊತೆ ನಿಂತು ಹೆಣ ಸುತ್ತುತಿದ್ದೋನು. ಅವನ್ನ ನಾನೇ ಸುತ್ತಿದೆ.”

“ಮನೆಯವರಿಗೆ?”

“ಸಂಜೆ ಡಾಕ್ಟ್ರು ಫೋನ್ ಮಾಡ್ತಾರಂತೆ. ಗೇಟಲ್ಲಿ ಯಾರೂ ಬಾಯಿ ಬಿಡಬ್ಯಾಡಿ ಅಂತ ಆರ್ಡರಾಗದೆ.”

ಅದು ಹುಟ್ಟಾ ಆಸ್ಪತ್ರೆಯಲ್ಲ. ನಂಜನಗೂಡಿನ ಅಂಚಿನಲ್ಲಿದ್ದ ಒಂದು ಕಲ್ಯಾಣಮಂಟಪ. ಕೊರೊನಾದ ಎರಡನೆಯ ಅಲೆಯಲ್ಲಿ ಎಲ್ಲೂ ಹಾಸಿಗೆ ಸಿಗದಂತಾದಾಗ ಅದನ್ನು ಆಸ್ಪತ್ರೆ ಮಾಡಿದ್ದರು. ಊಟದ ಮನೆಯಲ್ಲಿ ನಲವತ್ತು ಹಾಸಿಗೆಗಳು. ವಧುವಿನ ಕೊಠಡಿಯಲ್ಲಿ ಆಕ್ಸಿಜನ್ ಸಿಲಿಂಡರುಗಳು. ಬಾಗಿಲ ಮೇಲಿನ ‘ಸುಸ್ವಾಗತ’ವನ್ನು ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ತಿ. ನರಸೀಪುರದ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಮಧುಕುಮಾರನನ್ನು ಗೇಟಿನ ಪುಸ್ತಕ ಬರೆಯಲು ಕರೆಸಿದ್ದರು. ಅವನ ಅಕ್ಷರ ದುಂಡಗಿತ್ತು.

ಪಾತ್ರೆಗಳು ಅದಲುಬದಲಾಗಬಾರದೆಂದು ಒಂದೊಂದಕ್ಕೂ ಬಿಳಿಯ ಪ್ಲಾಸ್ಟರು ಅಂಟಿಸಿ ಹೆಸರು ಬರೆಯುವುದು ಅವನದೇ ಏರ್ಪಾಡು. ಮೇಜಿನ ಮೇಲಿದ್ದ ಕ್ಯಾರಿಯರಿನ ಹೊಟ್ಟೆಯ ಮೇಲೂ ಅದೇ ದುಂಡಕ್ಷರ: ಕೆಂಪಯ್ಯ, ಹುಲ್ಲಹಳ್ಳಿ.

ಗೇಟಿನಾಚೆ ಹೊಂಗೆಯ ನೆರಳಿನಿಂದ ಗುರುಸಿದ್ದಮ್ಮ ಎದ್ದಳು. ಕೆಂಪಯ್ಯನ ಹೆಂಡತಿ. ಬಸ್ಸಿಲ್ಲದ ದಿನಗಳು. ದಿನಾ ಹಾಲಿನ ವ್ಯಾನು ಹತ್ತಿ ಬಂದು, ವ್ಯಾನು ತಿರುಗುವ ತನಕ ಕಾಯುತ್ತಿದ್ದಳು. ಮಧುಕುಮಾರ ಕ್ಯಾರಿಯರನ್ನು ಮೇಜಿನ ಕೆಳಗಿಟ್ಟು, ಸ್ಯಾನಿಟೈಸರ್ ಕ್ಯಾನಿನ ಹಿಂದಕ್ಕೆ ಕಾಲಿನಿಂದ ಸರಿಸಿದ. ಅನ್ನವನ್ನು ಕಾಲಿನಿಂದ ತಳ್ಳಿದೆನಲ್ಲ ಎನ್ನಿಸಿತು. ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋಣವೆಂದರೆ ಕೈಗೆ ಗ್ಲೌಸಿತ್ತು.

“ಉಂಡ್ರಾ ಸಾ?”

“ಪಾತ್ರೆ ಇನ್ನೂ ಬಂದಿಲ್ಲಮ್ಮ.”

“ನೆನ್ನೆ ಅರ್ಧ ಮುದ್ದೆ ಮಿಕ್ಕಿಸಿದ್ರು. ಅದ್ಕೆ ಇವತ್ತು ಉಪ್ಸಾರು ಮಾಡ್ದೆ, ಖಾರ ಮುಂದಾಗಿ. ಖಾರ ಇದ್ರೆ ಉಣ್ತಾರೆ.”

“ಏನವ್ವಾ, ನಿನ್ ಉಪ್ಸಾರಿನ ಗಮಲಿಗೆ ನಲವತ್ತು ಜನಾನೂ ಎದ್ದು ಗೇಟಿಗೆ ಬಂದ್ರೆ ತಡೆಯೋನು ನಾನೊಬ್ನೇ ಕಣವ್ವ,” ಎಂದ ಹೋಮ್‌ಗಾರ್ಡ್ ನಂಜೇಶ್. ಅವನಿಗೆ ವಿಷಯ ತಿಳಿದಿರಲಿಲ್ಲ.

ಗುರುಸಿದ್ದಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ನಕ್ಕು ಮುಗಿಸಿ, ದನಿ ತಗ್ಗಿಸಿ ಕೇಳಿದಳು:

“ಸಾ, ಮೊನ್ನೆ ಒಳಗಿನೋರೊಬ್ರು ‘ನಮ್ ಕೆಂಪಣ್ಣ ನಮ್ ಜೊತೆಲೇ ಕೆಲ್ಸಕ್ಕಿದ್ದ’ ಅಂದ್ರು. ನಮ್ಮೋರು ಗೊಬ್ಬರದ ಗೋಡೌನ್ ಕಾಯಕ್ಕೆ ಅಂತ ಬತ್ತಿದ್ರು. ಇಲ್ಲೇನು ಕೆಲ್ಸ ಅವರ್ಗೆ?”

“ನನಗೆ ಗೊತ್ತಿಲ್ಲಮ್ಮ.”

ಗೊತ್ತಿತ್ತು. ಹತ್ತು ದಿನ ಕೆಂಪಯ್ಯ ಅವನ ಕಣ್ಣೆದುರೇ ಹಿಂಬಾಗಿಲಿನಿಂದ ಒಳಗೆ ಹೋಗಿ ಬಂದಿದ್ದ. ಹನ್ನೊಂದನೆಯ ದಿನ ಮುಂಬಾಗಿಲಿನಲ್ಲಿ ನಿಂತಿದ್ದ, ಕಣ್ಣು ಕೆಂಪಗೆ ಮಾಡಿಕೊಂಡು, ಗೋಡೆ ಹಿಡಿದು. ಮಧುಕುಮಾರ ಹೆಸರು ಬರೆದ, ಊರು ಬರೆದ. ಉದ್ಯೋಗದ ಕಲಮಿಗೆ ಬಂದಾಗ ಕೆಂಪಯ್ಯ ಕೈಮುಗಿದ.

“ವಾರ್ಡ್ ಕೆಲ್ಸ ಅಂತ ಬರೀಬ್ಯಾಡಿ ಸಾ. ಊರ್ಗೆ ಗೊತ್ತಾದ್ರೆ ಮನೆಯೋರಿಗೆ ನಲ್ಲಿ ನೀರೂ ಬಿಡಕಿಲ್ಲ. ನಮ್ ಜನ ಹೆಣ ಎತ್ತೋರಲ್ಲ. ಬೇಸಾಯ ಅಂತ ಹಾಕ್ಕಳಿ.”

ಇಪ್ಪತ್ತೆರಡು ವರ್ಷ ಮಕ್ಕಳಿಗೆ ಸರಿ ಉತ್ತರ ಹೇಳಿಕೊಟ್ಟವನು ತಪ್ಪು ಉತ್ತರವನ್ನು ದುಂಡಗೆ ಬರೆದ: ಬೇಸಾಯ. ಒಬ್ಬ ಬಡವನ ಮಾನ ಕಾದೆನೆಂದು ಆ ಸಂಜೆ ಎದೆ ಹಗುರವಾಗಿತ್ತು. ಉಪಕಾರ ಮಾಡುವುದು ಎಷ್ಟು ಸುಲಭ ಎಂದುಕೊಂಡಿದ್ದ.

ಆ ಪುಸ್ತಕದ ಪುಟಗಳ ಫೋಟೋ ಪ್ರತಿ ಸಂಜೆ ಮೇಲಿನ ಕಚೇರಿಗೆ ಹೋಗುತ್ತಿತ್ತು. ಮೂರನೆಯ ದಿನ ಅಲ್ಲಿಂದಲೇ ಒಂದು ಸುತ್ತೋಲೆ ಬಂತು. ಸೇವೆಯಲ್ಲಿದ್ದು ಸೋಂಕಿನಿಂದ ತೀರಿಕೊಂಡವರ ಕುಟುಂಬಕ್ಕೆ ಪರಿಹಾರ, ಅರ್ಹರಿಗೆ ಕೆಲಸ. ಗುತ್ತಿಗೆಯವರಿಗೂ ಅನ್ವಯ, ದಾಖಲೆ ಇದ್ದಲ್ಲಿ. ಅದನ್ನು ನೋಟಿಸ್ ಬೋರ್ಡಿಗೆ ಪಿನ್ನು ಚುಚ್ಚಿದವನೂ ಅವನೇ.

ಇವತ್ತು ಮಧ್ಯಾಹ್ನ ಮಧುಕುಮಾರ ಕಾರಿನ ಬಳಿ ಹೋಗಿ ಕೇಳಿದಾಗ, ವಾರ್ಡಿಗೆ ಆಳು ಒದಗಿಸುವ ಗುತ್ತಿಗೆದಾರನ ಕಡೆಯ ದೀಪಕ್ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದ.

“ಕೆಂಪಯ್ಯನಾ? ನಮ್ಮ ಲಿಸ್ಟಲ್ಲಿ ಅಂಥೋರು ಯಾರೂ ಇಲ್ವಲ್ಲ ಸಾರ್.”

“ನಿಮ್ಮ ಕೆಲಸ ಮಾಡಿದ. ನೀವೂ ನೋಡಿದ್ದೀರಿ.”

“ಅರ್ಜೆಂಟಲ್ಲಿ ಬಾಯಿಮಾತಿಗೆ ಬಂದೋರು ಎಷ್ಟೋ ಜನ. ನೋಡಿದ್ದೆಲ್ಲ ಇರುತ್ತಾ? ನಿಮ್ಮ ಪುಸ್ತಕ ಏನು ಹೇಳುತ್ತೆ ಹೇಳಿ.”

ಮಧುಕುಮಾರನ ಕಣ್ಣು ಮೇಜಿನ ಮೇಲಿದ್ದ ಪುಸ್ತಕದ ಕಡೆ ತಿರುಗಿತು.

“ಫೋಟೋದಲ್ಲಿ ನೋಡ್ದೆ. ಮುತ್ತಿನಂಥ ಅಕ್ಷರ ಸಾರ್ ನಿಮ್ದು.” ಗಾಜು ಮೇಲೇರಿತು.

ಮೇಜಿಗೆ ಬಂದು ಬಿಳಿ ಹಾಳೆ ತೆಗೆದ. ‘ಮೃತರು ಇಲ್ಲಿನ ವಾರ್ಡ್ ಕೆಲಸಗಾರರಾಗಿದ್ದರೆಂದು ನಾನು ಕಣ್ಣಾರೆ ಕಂಡಿದ್ದರೂ ಪುಸ್ತಕದಲ್ಲಿ’ ಎಂದು ಬರೆದ. ಮುಂದಿನ ಮಾತು ‘ನಾನೇ ಸುಳ್ಳು ಬರೆದೆನು’ ಎಂದಾಗಬೇಕಿತ್ತು. ವ್ಯಾಕರಣದ ಪ್ರಕಾರವೂ, ಧರ್ಮದ ಪ್ರಕಾರವೂ ಬೇರೆ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಸರ್ಕಾರಿ ಪುಸ್ತಕದಲ್ಲಿ ಸುಳ್ಳು ಬರೆದವನಿಗೆ ಏನಾಗುತ್ತದೆಂದು ಗೊತ್ತಿತ್ತು. ಬರೆದುಕೊಟ್ಟರೆ ಊರಿಗೆಲ್ಲ ಕೆಂಪಯ್ಯ ಹೆಣ ಎತ್ತಿದವನಾಗುತ್ತಾನೆ ಎಂಬುದೂ ಗೊತ್ತಿತ್ತು. ಈ ಎರಡರಲ್ಲಿ ತನ್ನನ್ನು ತಡೆಯುತ್ತಿರುವುದು ಎರಡನೆಯದೇ ಎಂದು ನಂಬಲು ನೋಡಿದ. ಹಾಳೆಯನ್ನು ಮಡಿಸಿ ಜೇಬಿಗಿಟ್ಟ.

ಹಾಲಿನ ವ್ಯಾನು ಹಾರನ್ ಮಾಡಿತು. ಗುರುಸಿದ್ದಮ್ಮ ಗೇಟಿನ ಕಂಬಿಗಳ ನಡುವೆ ಕೈ ತೂರಿಸಿ ಒಂದು ಪೊಟ್ಟಣ ಹಿಡಿದಳು.

“ನಂಜುಂಡಪ್ಪನ ಗುಡಿ ಬಾಗ್ಲು ಹಾಕವ್ರೆ ಸಾ. ಇಬೂತಿ ಉಂಡೆನ ಹೊರಗಿಂದ್ಲೇ ಮೆಟ್ಲಿಗೆ ಮುಟ್ಸಿ ತಂದೆ. ಅವ್ರ ಹಣೆಗೆ ಒಂಚೂರು ಹಚ್ಸಿ.”

“ಹಚ್ಚಿಸ್ತೀನಿ,” ಎಂದು ಪೊಟ್ಟಣವನ್ನು ಜೇಬಿಗಿಟ್ಟ.

“ಕ್ಯಾರಿಯರು?”

“ನಾಳೆ ತಗೊಳ್ಳಿ.”

“ನಾಳಿಕೆ ಯಾವುದ್ರಲ್ಲಿ ತರ್ಲಿ ಸಾ? ಇರೋದು ಅದೊಂದೇ.” ಅವಳೇ ಯೋಚಿಸಿ, “ಓಗ್ಲಿ ಬುಡಿ, ಚೆಂಬಲ್ಲಿ ಗಂಜಿ ತತ್ತೀನಿ,” ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. “ನೀವು ಉಂಡ್ರಾ ಸಾ? ಮಕ ಬಾಡದೆ.”

ವ್ಯಾನು ಹೊರಟಿತು. ಅವಳು ಪುಸ್ತಕದಲ್ಲಿ ಕೊಟ್ಟಿದ್ದ ಫೋನು ಊರಿನ ಡೈರಿಯದು. ಸಂಜೆ ಹಾಲು ಹಾಕಲು ಊರೆಲ್ಲ ನೆರೆದಿರುವ ಹೊತ್ತಿಗೆ ಅದು ಬಡಿದುಕೊಳ್ಳುತ್ತದೆ.

ಕ್ಯಾರಿಯರನ್ನು ಅಲ್ಲಿ ಬಿಡಲಾರದೆ ಬೈಕಿಗೆ ಸಿಕ್ಕಿಸಿಕೊಂಡು ನರಸೀಪುರದ ಮನೆಯ ಕಡೆ ಹೊರಟ. ತಿರುಮಕೂಡಲಿನಲ್ಲಿ ಹೊಳೆ ಕಂಡಾಗ ಬೈಕು ನಿಲ್ಲಿಸಿದ. ಅನ್ನವನ್ನು ನೀರಿಗೆ ಬಿಟ್ಟು, ಪಾತ್ರೆ ತೊಳೆದು, ವಿಭೂತಿಯನ್ನೂ ಬಿಟ್ಟು ಒಂದು ಮುಳುಗು ಹಾಕೋಣವೆಂದುಕೊಂಡ. ಮೆಟ್ಟಿಲಿಗೆ ಅಡ್ಡವಾಗಿ ಬಿದಿರಿನ ಗಳು ಕಟ್ಟಿದ್ದರು. ನೆರಳಿನಲ್ಲಿ ಕುಳಿತಿದ್ದ ಪೊಲೀಸಿನವನು ಏಳಲಿಲ್ಲ. “ಇಳಿಯಂಗಿಲ್ಲ ಸಾ. ದೇವ್ರೇ ಒಳಗವ್ನೆ, ನೀವೂ ಒಳಗಿರಿ,” ಎಂದ.

ಕಪಿಲೆ ಕಾವೇರಿಯ ಜೊತೆಗೂಡಿ ಯಾರಿಗೂ ಬೇಡದವಳಂತೆ ಹರಿದುಹೋಗುತ್ತಿದ್ದಳು.

ಮನೆಯ ಬಾಗಿಲು ಮುಚ್ಚಿತ್ತು. ಗೇಟಿನ ಕೆಲಸಕ್ಕೆ ಹೋದ ದಿನದಿಂದ ಅವನ ವಾಸ ಜಗುಲಿಯಲ್ಲಿ. ಕಿಟಕಿಯ ಕೆಳಗೆ ಸ್ಟೂಲಿನ ಮೇಲೆ ಮುಚ್ಚಿಟ್ಟ ಡಬ್ಬಿ. ಬೇರೆ ಪಾತ್ರೆಗಳ ಜೊತೆ ಬೆರೆಯಬಾರದೆಂದು ಹೆಂಡತಿ ವಾಣಿ ಇವತ್ತು ಅದಕ್ಕೂ ಪ್ಲಾಸ್ಟರು ಅಂಟಿಸಿದ್ದಳು. ಅವನೇ ತಂದುಕೊಟ್ಟಿದ್ದ ಸುರುಳಿ. ಅದರ ಮೇಲೆ ಮಗಳು ಮಾನಸಳ ಕೈಬರಹ: ಮಧುಕುಮಾರ್. ಅಕ್ಷರ ಅಪ್ಪನದೇ, ದುಂಡಗೆ.

ಕೆಂಪಯ್ಯನ ಕ್ಯಾರಿಯರನ್ನು ಅದರ ಪಕ್ಕದಲ್ಲಿಟ್ಟು ಕುಳಿತ.

“ಅದ್ಯಾರದು?” ವಾಣಿ ಕಿಟಕಿಯೊಳಗಿಂದ ಕೇಳಿದಳು.

“ಒಬ್ಬ ಬೇಸಾಯಗಾರನದು.”

“ಕಂಡೋರ ಪಾತ್ರೆ ಇಲ್ಲಿಗ್ಯಾಕೆ ತಂದ್ರಿ? ಆಚೆ ಇಡಿ. ಮೊದಲು ಊಟ ಮಾಡಿ, ಉಪ್ಸಾರು ಮಾಡಿದ್ದೀನಿ.”

ಜೇಬಿಗೆ ಕೈ ಹಾಕಿದ. ಬೆವರಿಗೆ ಪೊಟ್ಟಣ ಒಡೆದು ವಿಭೂತಿ ಹಾಳೆಗೆಲ್ಲ ಮೆತ್ತಿಕೊಂಡಿತ್ತು. ‘ಪುಸ್ತಕದಲ್ಲಿ’ ಎಂಬಲ್ಲಿಯ ತನಕ ಬರೆದದ್ದು ಬೂದಿಯಡಿ ಮಸುಕಾಗಿ ಕಾಣುತ್ತಿತ್ತು. ಪೆನ್ನು ತೆಗೆದ. ಹುಲ್ಲಹಳ್ಳಿಯ ಕಡೆ ಡೈರಿಗೆ ಹಾಲು ಬರುವ ಹೊತ್ತಾಯಿತು. ಪೆನ್ನು ಕೈಯಲ್ಲೇ ಉಳಿಯಿತು. ಬೆಳಕು ಕುಂದುವವರೆಗೂ ಹಾಗೆಯೇ ಕುಳಿತಿದ್ದ.

ಕಿಟಕಿಯ ಬಾಗಿಲು ಸರಿಯಿತು. ಗ್ಲೌಸು ಹಾಕಿದ ವಾಣಿಯ ಕೈ ಹೊರಗೆ ಬಂದು, ತಡಕಿ, ಅವನ ಹೆಸರಿದ್ದ ಡಬ್ಬಿಯನ್ನು ಹಿಡಿದು ಎತ್ತಿತು.

ಎತ್ತಿದ ಕೈ ಅಲ್ಲೇ ನಿಂತಿತು. ಅದು ಭಾರವಾಗಿತ್ತು.