ಹಿಂದೆ ಬರುವವರು ಬಂದ ಮೇಲೆ

೧

ನದಿಯಿಂದ ಶುರು ಮಾಡೋಣ ಎಂದುಕೊಂಡೆ. "ನದಿ ಮೌನವಾಗಿ ಹರಿಯುತ್ತಿತ್ತು" ಎಂದು ಬರೆದು ಹೊಡೆದುಹಾಕಿದೆ. ಅದು ಮೌನವಾಗಿರಲಿಲ್ಲ. ಆ ಭಾಗದಲ್ಲಿ ಕಲ್ಲು ಜಾಸ್ತಿ, ಪಕ್ಕದಲ್ಲಿರುವವರ ಜೊತೆ ಮಾತಾಡಲೂ ದನಿ ಎತ್ತಬೇಕು. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಎಷ್ಟೋ ಜನರ ಮೌನ ನದಿಗಳಿಗೆ ಗೀಟು ಹಾಕಿದವನು ನಾನು. ನನ್ನದನ್ನು ಮಾತ್ರ ಬಿಟ್ಟುಕೊಂಡರೆ ಹೇಗೆ?

ರೈಲಿನಿಂದ ಶುರು ಮಾಡಿದರೆ? ರೈಲು ಕಂಡ ಕೂಡಲೇ ಓದುಗರು ಯಾರೋ ಯಾರನ್ನೋ ಬಿಟ್ಟು ಓಡಿಹೋಗುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಇಲ್ಲಿ ಯಾರೂ ಓಡುವುದಿಲ್ಲ. ಒಬ್ಬರಿಗೆ ಮಂಡಿನೋವು.

ಸರಿ, ಸುದ್ದಿ ಬರೆಯುವಂತೆಯೇ ಬರೆದುಬಿಡುತ್ತೇನೆ, ಮುಖ್ಯವಾದದ್ದು ಮೊದಲು. ಒಬ್ಬ ಯುವಕ ತಾನು ಮದುವೆಯಾಗಬೇಕೆಂದಿರುವ ಹುಡುಗಿಯ ತಾಯಿಯ ಒಪ್ಪಿಗೆ ಪಡೆಯಲು, ಆ ತಾಯಿಯ ಜೊತೆ ಒಂದು ಇಡೀ ಭಾನುವಾರ ನದಿಯ ದಂಡೆಯಲ್ಲಿ ನಡೆದ. ಹುಡುಗಿ ಬರಲಿಲ್ಲ.

(ಇಷ್ಟು ಸಾಕು ಎನ್ನುವವರು ಇಲ್ಲೇ ಇಳಿದುಕೊಳ್ಳಬಹುದು. ಮುಂದಿನ ನಿಲ್ದಾಣ ಸ್ವಲ್ಪ ದೂರ.)

೨

ಯುವಕನಿಗೆ ಮೂವತ್ತನಾಲ್ಕು. ಇದು ಯುವಕರ ವಯಸ್ಸಾಗಿ ಉಳಿದಿರುವುದು ಪತ್ರಿಕೆಗಳಲ್ಲಿ ಮಾತ್ರ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುತ್ತಾನೆ. ಗಾಜು ಬದಲಿಸುತ್ತಾ "ಹೀಗಿದ್ರೆ ಚೆನ್ನಾಗಿ ಕಾಣುತ್ತಾ, ಹೀಗಿದ್ರೆ?" ಎಂದು ದಿನವಿಡೀ ಕೇಳಿ ಕೇಳಿ, ಈಗ ಹೋಟೆಲಿನಲ್ಲೂ ಹಾಗೇ ಮಾತಾಡುತ್ತಾನೆ. ಅವನನ್ನು ಕನ್ನಡಕ ಎಂದು ಕರೆಯೋಣ. (ಅವನು ಕನ್ನಡಕ ಹಾಕುವುದಿಲ್ಲ. ಓದುಗರ ಪತ್ರ ಬರುವ ಮೊದಲೇ ಹೇಳಿಬಿಟ್ಟಿದ್ದೇನೆ.) ಅವನಿಗಿರುವ ಒಂದೇ ಚಟವೆಂದರೆ ಭಾನುವಾರದ ನಡಿಗೆ. ಬೆಳಿಗ್ಗೆ ರೈಲು ಹತ್ತಿ ಯಾವುದಾದರೂ ಸಣ್ಣ ನಿಲ್ದಾಣದಲ್ಲಿ ಇಳಿಯುವುದು, ನದಿಯ ಜೊತೆಗೇ ಇನ್ನೊಂದು ನಿಲ್ದಾಣದವರೆಗೆ ನಡೆಯುವುದು, ಸಂಜೆಯ ರೈಲಿಗೆ ಮನೆ.

ತಾಯಿ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮೇಜು, ಒಂದು ಮೆಷಿನ್, ತೋಳು ಕೂಡಿಸದೆ ನೇತುಹಾಕಿದ ಕೋಟುಗಳು, ಎಲ್ಲದರ ಮೇಲೂ ಗುರುತು ಹಾಕುವ ಚಾಕಿನ ಪುಡಿ. ಟೇಪು ಹಿಡಿಯುವ ಮೊದಲೇ ಕಣ್ಣಲ್ಲೇ ಅಳತೆ ತೆಗೆಯುವವರು. ಕನ್ನಡಕ ಮೊದಲ ಸಲ ಮನೆಗೆ ಬಂದಾಗ ನಮಸ್ಕಾರಕ್ಕೆ ಉತ್ತರವಾಗಿ, ಅವನ ಎಡ ಭುಜ ಇಳಿದಿದೆ, ಚೀಲವನ್ನು ಒಂದೇ ಕಡೆ ಹಾಕಿಕೊಳ್ಳುತ್ತಾನೆಯೇ ಎಂದು ಕೇಳಿದ್ದರು.

ಮಗಳದು ಔಷಧದ ಅಂಗಡಿಯಲ್ಲಿ ಕೆಲಸ. ಅವಳು ಅವನಿಗೆ ಹೇಳಿದ್ದು ಇಷ್ಟೇ: "ಅಮ್ಮ ಹೂಂ ಅಂದ್ರೆ ಆಯ್ತು. ಉಹೂಂ ಅಂದ್ರೆ ನಾನು ಅಮ್ಮನ ಜೊತೆ ಜಗಳಕ್ಕೆ ನಿಲ್ಲಲ್ಲ. ಆಮೇಲೆ ನನ್ನ ಬೈಬೇಡ." ಮೂವರೂ ನಡೆಯಲು ಹೋಗುವುದು ಅವಳದೇ ಉಪಾಯ. ಆ ಬೆಳಿಗ್ಗೆ ಪ್ಲಾಟ್‌ಫಾರಂನಲ್ಲಿ ಅವಳ ಫೋನ್ ಬಂತು. ಅಂಗಡಿಯಲ್ಲಿ ಇನ್ನೊಬ್ಬಾಕೆ ರಜೆ ಹಾಕಿದ್ದಾಳೆ, ತಾನು ಬರುವಂತಿಲ್ಲ. ಇದು ನೆಪವಿರಬೇಕು ಎಂದು ನಿಮಗೆ ಅನ್ನಿಸುತ್ತದೆ. ನನಗೂ ಅನ್ನಿಸಿ ವಿಚಾರಿಸಿದೆ. ಆಕೆಗೆ ನಿಜಕ್ಕೂ ಹಲ್ಲುನೋವು. ಸತ್ಯ ಕತೆಗೆ ಅನುಕೂಲವಾಗಿಲ್ಲದಿದ್ದರೆ ನಾನೇನು ಮಾಡಲಿ?

೩

ಏನೆಂದು ಕರೆಯುವುದು ಎಂಬಲ್ಲೇ ತೊಡಕು. ರೈಲಿನಲ್ಲಿ ಅವನು "ಆಂಟಿ" ಎಂದ. ಹಾಗಂದರೆ ಬಟ್ಟೆ ಕೊಡಲು ಬಂದವರ ಥರ ಕೇಳಿಸುತ್ತದೆ ಎಂದರು ಟೈಲರಮ್ಮ. ಅಮ್ಮ ಎನ್ನಲು ಸಲಿಗೆ ಸಾಲದು. ಅತ್ತೆ ಎಂದರೆ ತೀರ್ಪು ಬರುವ ಮೊದಲೇ ಹಾರ ಹಾಕಿಕೊಂಡಂತೆ. ಕೊನೆಗೆ ಅವನು ಏನೂ ಕರೆಯದೆ, ಪ್ರತಿ ಮಾತನ್ನೂ "ಅಂದ ಹಾಗೆ" ಎಂದು ಶುರು ಮಾಡತೊಡಗಿದ. ಅಂದ ಹಾಗೆ, ಅಲ್ಲಿ ಕೆಸರಿದೆ. ಅಂದ ಹಾಗೆ, ಕಿತ್ತಳೆ ತಿಂತೀರಾ?

ಇಳಿದ ಮೇಲೆ ದಾರಿ ನೇರ. ಒಂದು ಕಡೆ ನದಿ, ಇನ್ನೊಂದು ಕಡೆ ಹುಲ್ಲುಗಾವಲು, ಅಲ್ಲಲ್ಲಿ ದನ ದಾಟದಂತೆ ಮರದ ಗೇಟುಗಳು. ಕನ್ನಡಕನ ಕಾಲು ಉದ್ದ. ಪೆಡಲು ತುಳಿದು ಸವೆದ ಮಂಡಿ ಟೈಲರಮ್ಮನದು. ಅವನು ಮುಂದೆ ಹೋಗಿ ಗೇಟಿನ ಬಳಿ ಕೂತು ಕಾಯುವನು, ನೀರು ಕುಡಿಯುವನು, ಹಕ್ಕಿ ನೋಡುವನು. ಅವರು ಬಂದು ತಲುಪಿದ ಕೂಡಲೇ ನಗುತ್ತಾ ಗೇಟು ತೆರೆದು, "ಅಂದ ಹಾಗೆ, ಹೊರಡೋಣ್ವಾ?" ಎನ್ನುವನು. ಮುಂದಿನ ಗೇಟಿನಲ್ಲೂ ಹೀಗೇ. ಅದರ ಮುಂದಿನದರಲ್ಲೂ.

ತಾನು ಬಹಳ ಚೆನ್ನಾಗಿ ನಡೆದುಕೊಳ್ಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತ್ತು. ನನಗೂ.

೪

ಇಲ್ಲಿ ಕತೆ ಜೋಲು ಬಿದ್ದಿದೆ ಎಂದು ಮೂರು ಪ್ಯಾರಾ ಮಳೆ ಸುರಿಸಿದೆ. ಒಂದೇ ಕೊಡೆ, ಇಬ್ಬರು ಜನ, ಮನಸ್ಸು ಹತ್ತಿರವಾಗುತ್ತದೆ. ಟೈಲರಮ್ಮ ನಡೆಯುತ್ತಿದ್ದವರು ನಿಂತು ನನ್ನ ಕಡೆ ತಿರುಗಿದರು.

ಮಳೆ ತೆಗೀರಿ ಎಂದರು. ಹೊರಡುವ ಮುನ್ನ ಆಕಾಶ ನೋಡಿಕೊಂಡೇ ಬಂದಿದ್ದಾರಂತೆ.

ಮಳೆ ತೆಗೆದೆ. ಬದಲಿಗೆ ಒಬ್ಬರು ಕಾಲುಜಾರಿ ನದಿಗೆ ಬೀಳಲಿ, ಇನ್ನೊಬ್ಬರು ಎತ್ತಲಿ ಎಂದೆ.

"ಯಾರು ಬೀಳೋದು?"

ನೀವು, ಎಂದೆ ಸ್ವಲ್ಪ ಮೆತ್ತಗೆ.

"ನನಗೆ ಈಜು ಬರುತ್ತೆ. ಅವರನ್ನ ಕೇಳಿ ನೋಡಿ."

ಕೇಳಿದೆ. ಕನ್ನಡಕನಿಗೆ ಬರುವುದಿಲ್ಲ. ಅವನು ಬಿದ್ದು ಅವರು ಎತ್ತಿದರೆ ಒಪ್ಪಿಗೆಯ ಬದಲು ಕರುಣೆ ಸಿಗುತ್ತದೆ, ಅದು ತನಗೆ ಬೇಡ ಎಂದ. ಇಬ್ಬರೂ ಮೊದಲ ಸಲ ಒಮ್ಮತಕ್ಕೆ ಬಂದಿದ್ದು ನನ್ನ ವಿರುದ್ಧ. ಆ ಪುಟ ಹರಿದೆ.

೫

ಆರನೆಯದೋ ಏಳನೆಯದೋ ಗೇಟು. (ಒಬ್ಬರು ಆರು ಅನ್ನುತ್ತಾರೆ, ಒಬ್ಬರು ಏಳು. ನಾನು ಹೋಗಿ ಎಣಿಸಲಿಲ್ಲ.) ಕನ್ನಡಕ ಎಂದಿನಂತೆ ಅದನ್ನು ತೆರೆದು ಹಿಡಿದ. ಟೈಲರಮ್ಮ ದಾಟಲಿಲ್ಲ. ಗೇಟಿನ ಕಂಬಕ್ಕೆ ಒರಗಿ ನಿಂತರು.

"ನೀವು ಕಾಯ್ತೀರಪ್ಪ, ಇಲ್ಲ ಅನ್ನಲ್ಲ. ಪ್ರತಿ ಸಲ ಕಾದಿದ್ದೀರಿ. ಆದ್ರೆ ನಾನು ಬಂದ ತಕ್ಷಣ ಹೊರಟುಬಿಡ್ತೀರಿ. ಬೆಳಿಗ್ಗೆಯಿಂದ ನೀವು ಕೂತು ಕೂತು ನಡೆದಿದ್ದೀರಿ. ನಾನು ಬರೀ ನಡೆದಿದ್ದೀನಿ."

ಕನ್ನಡಕನ ಕೈ ಗೇಟಿನ ಮೇಲೇ ಉಳಿಯಿತು. ಅವನು ಕಾಯುವುದು ಎಂದುಕೊಂಡಿದ್ದು ಅವನದೇ ವಿಶ್ರಾಂತಿಯನ್ನು. ಹಿಂದಿದ್ದವರ ಪಾಲಿಗೆ ಅದು ಬರಲೇ ಇಲ್ಲ.

"ನನ್ನ ಮಗಳೂ ನಿಧಾನ," ಎಂದರು. "ನಡೆಯೋದ್ರಲ್ಲಿ ಅಲ್ಲ. ಒಂದು ವಿಷಯ ಅವಳ ತಲೆಗೆ ಇಳಿದು, ಮನಸ್ಸಿಗೆ ಇಳಿದು, ಬಾಯಿಗೆ ಬರೋಕೆ ಹೊತ್ತಾಗುತ್ತೆ. ಅಷ್ಟರಲ್ಲಿ ನೀವು ಮುಂದಿನ ಗೇಟಲ್ಲಿ ಇರ್ತೀರಿ."

ಅವನು ಯೋಚಿಸಿದ. ಆಮೇಲೆ, ಅಭ್ಯಾಸಬಲ ನೋಡಿ, "ಹಾಗಾದ್ರೆ ನಾನು ಹಿಂದೆ ನಡೀಲಾ, ಪಕ್ಕದಲ್ಲಿ ನಡೀಲಾ?" ಎಂದ.

"ಇದೇನು ಕಣ್ಣಿನ ಟೆಸ್ಟಾ?"

ಹಿಂದೆ ನಡೆದು ನೋಡಿದ. ಬಂದೂಕಿಲ್ಲದ ಕಾವಲುಗಾರನಂತಿತ್ತು. ಪಕ್ಕದಲ್ಲಿ ನಡೆಯಲು ದಾರಿ ಸಾಲದೆ ಅವನ ಒಂದು ಕಾಲು ಇಡೀ ಮಧ್ಯಾಹ್ನ ಎತ್ತರದ ಹುಲ್ಲಿನಲ್ಲಿ. ಆದರೂ ಪಕ್ಕ ಬಿಡಲಿಲ್ಲ. ಮಾತು ಕಡಿಮೆ. ಒಮ್ಮೆ ಮಾತ್ರ ಟೈಲರಮ್ಮ ಮಗಳ ಅಪ್ಪ ಹೇಗೆ ನಡೆಯುತ್ತಿದ್ದರು ಎಂದು ಹೇಳತೊಡಗಿ, ನಾನು ಕಿವಿ ಚಾಚಿದ್ದು ಕಂಡು ನಿಲ್ಲಿಸಿದರು. ಏನೆಂದು ನಿಮಗೆ ಹೇಳಲಾರೆ. ನದಿ ಸದ್ದು ಮಾಡುತ್ತಿತ್ತು ಎಂದು ಮೊದಲೇ ಹೇಳಿದ್ದೇನೆ.

೬

ಮುಕ್ತಾಯ (ಅ): ರೈಲಿನಲ್ಲಿ ಟೈಲರಮ್ಮ ಅವನ ಭುಜಕ್ಕೆ ಒರಗಿ ನಿದ್ದೆ ಹೋಗುತ್ತಾರೆ. ಇಳಿದ ಭುಜಕ್ಕೆ, ಅಂದರೆ ಎಡಕ್ಕೆ. ಸಂಪಾದಕರಿಗೆ ಇಷ್ಟವಾಗುತ್ತದೆ. ಟೈಲರಮ್ಮ ತಾನು ಗಾಡಿಯಲ್ಲಿ ನಿದ್ದೆ ಮಾಡುವವಳಲ್ಲ ಎನ್ನುತ್ತಾರೆ.

ಮುಕ್ತಾಯ (ಆ): ಉಹೂಂ. ಕನ್ನಡಕ ಮುಂದಿನ ಭಾನುವಾರ ಒಬ್ಬನೇ ನಡೆಯುತ್ತಾನೆ. ಇದನ್ನು ಬರೆಯಲು ಕೂತಾಗ ಅವನು ನನ್ನನ್ನು ನೋಡಿದ ನೋಟ ಸರಿಯಿರಲಿಲ್ಲ.

ಉಳಿದದ್ದು ನಡೆದದ್ದು.

ಅವರು ತಲುಪಿದ್ದು ಸಿಬ್ಬಂದಿಯಿಲ್ಲದ ಒಂದು ಹಾಲ್ಟ್. ಕೈ ತೋರಿಸಿದರೆ ಗಾಡಿ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಬೋರ್ಡಿದೆ. ಬರಬೇಕಾದ್ದು ಆ ದಿನದ ಕೊನೆಯ ಗಾಡಿ. ಒಂದೇ ಬೆಂಚು. ಟೈಲರಮ್ಮ ಕೂತರು, ಕಾಲು ಚಾಚಿದರು, ಕಣ್ಣು ಮುಚ್ಚಿದರು. ಅದೇ ಹೊತ್ತಿಗೆ ತಿರುವಿನಲ್ಲಿ ದೀಪ ಕಾಣಿಸಿತು.

ಕನ್ನಡಕ ಗಾಡಿ ನೋಡಿದ, ಅವರನ್ನು ನೋಡಿದ. ಕೈ ಎತ್ತಿದರೆ ಬೆಳಿಗ್ಗೆಯಿಂದ ಏನೂ ಕಲಿಯಲಿಲ್ಲ ಎಂದಾಗುತ್ತದೆ. ಎತ್ತದಿದ್ದರೆ ವಯಸ್ಸಾದ ಹೆಂಗಸನ್ನು ಕತ್ತಲಲ್ಲಿ ಬಯಲಿನ ನಡುವೆ ಕೂರಿಸಿದ ದಡ್ಡ. ಸರಿಯುತ್ತರ ಯಾವುದು ಎಂದು ನಾನೇ ಟೈಲರಮ್ಮನನ್ನು ಕೇಳಿದೆ.

"ಮದುವೆ ಆಗೋರು ನೀವಾ?" ಎಂದರು, ಕಣ್ಣು ತೆರೆಯದೆ.

ಕನ್ನಡಕ ನನ್ನ ಕಡೆ ತಿರುಗಿ, ಸಾರ್, ನೀವೇ ಒಂದು ಕೈ ತೋರಿಸಿಬಿಡಿ ಎಂದ. ನಾನು ಕತೆಯೊಳಗೆ ಇಲ್ಲ, ಲೇಖಕ ಮಧ್ಯೆ ಬರಬಾರದು ಎಂದೆ.

"ಬೆಳಿಗ್ಗೆಯಿಂದ ಬಾಯಿ ಹಾಕ್ತಾನೇ ಇದ್ದೀರಿ. ಈಗ ಒಂದು ಕೈ ಎತ್ತೋಕೆ ಆಗಲ್ವಾ?" ಎಂದರು ಟೈಲರಮ್ಮ.

ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ.

ಕನ್ನಡಕ ಹೋಗಿ ಬೆಂಚಿನ ಮೇಲೆ ಕೂತ. ಸುಮ್ಮನೆ ಕೂರಲಿಲ್ಲ, ಬಲಗಾಲಿನ ಶೂ ಬಿಚ್ಚಿ ಪಕ್ಕಕ್ಕಿಟ್ಟ. ಅದು ಕೊನೆಯ ಗಾಡಿ ಎಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಬಿಚ್ಚಿದ.

ಟೈಲರಮ್ಮ ಕಣ್ಣು ತೆರೆದು ಶೂ ನೋಡಿದರು. ಎದ್ದು ನಿಂತರು. ಅವನ ಚೀಲ ಎತ್ತಿಕೊಂಡರು.

"ಅಂದ ಹಾಗೆ," ಎಂದರು, "ಹೊರಡೋಣ್ವಾ?"

ಇದು ಸೇಡೋ ತಮಾಷೆಯೋ ಎಂದು ತಿಳಿಯಲು ಅವರ ಮುಖ ಕಾಣಬೇಕಿತ್ತು. ಹಿಂದಿನಿಂದ ದೀಪದ ಬೆಳಕು. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು. ಮಗಳು. ಏನಾಯಿತು ಎಂದು ಅವಳಿಗೂ ತಿಳಿಯಬೇಕು, ನಿಮ್ಮ ಹಾಗೆಯೇ. ಅವನು ಒಂದು ಕೈಯಲ್ಲಿ ಶೂ, ಇನ್ನೊಂದರಲ್ಲಿ ಫೋನು ಹಿಡಿದು ಯಾವುದು ಮೊದಲು ಎಂಬಂತೆ ಅವರನ್ನು ನೋಡಿದ.

"ಅವಳಿಗೆ ಆಮೇಲೆ ಮಾಡಿ. ಶೂ ಹಾಕ್ಕೊಳ್ಳಿ. ನಾನು ನಿಂತಿರ್ತೀನಿ."

ಡ್ರೈವರಿಗೆ ಅವರು ಎತ್ತಿದ ಕೈ ಕಂಡಿತೇ? ನಿಂತರೂ ಲೇಸು ಕಟ್ಟುವಷ್ಟು ಹೊತ್ತು ನಿಲ್ಲುತ್ತಾನೆಯೇ? ನಿಂತಿರ್ತೀನಿ ಎಂದರೆ ಹೂಂ ಎಂದೇ ಲೆಕ್ಕವೇ? ಖಚಿತವಾಗದ್ದನ್ನು ಅಚ್ಚಿಗೆ ಕೊಟ್ಟು ನನಗೆ ಅಭ್ಯಾಸವಿಲ್ಲ. ಖಚಿತವಾದದ್ದು ಇಷ್ಟು: ಟೈಲರಮ್ಮನ ಒಂದು ಕೈ ಗಾಡಿಯ ಕಡೆ ಎತ್ತಿದೆ, ಇನ್ನೊಂದರಲ್ಲಿ ಅವನ ಚೀಲವಿದೆ. ಫೋನು ಹೊಡೆದುಕೊಳ್ಳುತ್ತಲೇ ಇದೆ. ಅವನು ಬಗ್ಗಿ ಲೇಸು ಕಟ್ಟುತ್ತಿದ್ದಾನೆ.

ಕಟ್ಟಲಿ.