ಗೋಡೆಯ ಮೇಲಿನ ಗೂಬೆ

ನಾಗರತ್ನಾಳ ಕಣ್ಣಿಗೆ ಮೊದಲು ಬಿದ್ದದ್ದು ಹಳದಿ ಕ್ರೇಟು. ಬಾಳೆಹಣ್ಣು ತುಂಬುವ ಪ್ಲಾಸ್ಟಿಕ್ಕಿನ ಕ್ರೇಟು, ಒಂದು ಮಗ್ಗುಲು ಮುರಿದದ್ದು, ಕೆಂಪು ಬಂಡೆಯ ಬುಡದಲ್ಲಿ ಬೋರಲು ಬಿದ್ದದ್ದು. ಅದರ ಮೇಲೆ ಬಾಗಿದ ಜಾಲಿ. ಜಾಲಿಯ ಮೇಲೆ ಬಂಡೆಯ ಸಂದು. ಸಂದಿನಲ್ಲಿ ಕೊಂಬಿನ ಗೂಬೆ, ಅದರ ಎದೆಗೆ ಒತ್ತಿಕೊಂಡ ಎರಡು ಬೂದು ಮರಿಗಳು. ಬ್ರಹ್ಮಪುರದ ಓಣಿಯೊಂದರ ಮನೆಯ ಗೋಡೆಗೆ ಇಷ್ಟನ್ನೂ ಯಾರೋ ಬಣ್ಣದಲ್ಲಿ ಬರೆದಿದ್ದರು. ಏಪ್ರಿಲ್ಲಿನ ಬಿಸಿಲಿಗೆ ಕಾದಿದ್ದ ಗೋಡೆ ಸಂಜೆಯಾದರೂ ಮುಖಕ್ಕೆ ಝಳ ಹೊಡೆಯುತ್ತಿತ್ತು.

"ಹ್ಯಾಂಗದ ಮೇಡಂ?" ಎಂದ ಗುಫ್ರಾನ್. ಅವನ ಮುಖದಲ್ಲಿ ಹಬ್ಬದ ಕಳೆ.

"ನಿಮಗ ಇದು ಯಾರು ತೋರಿಸಿದ್ರು?"

"ಯಾರೂ ಇಲ್ರಿ. ನಿನ್ನೆ ಈ ಓಣ್ಯಾಗ ಹಾದು ಹೊಂಟಿದ್ದೆ, ಕಂಡ್ತು. ನಮ್ಮದೇ ಜಾಗಾ ಅಲ್ಲೇನು? ಕ್ರೇಟ್ ಸುದ್ದಾ ಬಿಟ್ಟಿಲ್ಲ ನೋಡ್ರಿ."

"ಅದನ್ನೇ ನೋಡಲಾಕತ್ತೀನಿ. ಯಾರಿಗಿ ಹೇಳೀರಿ?"

ಅವನು ನಕ್ಕ. ಆಕೆ ನಗಲಿಲ್ಲ.

ಇಬ್ಬರೂ ಒಂದೇ ಖಾಸಗಿ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುವವರು, ಆಕೆ ವಿಜ್ಞಾನಕ್ಕೆ, ಅವನು ಗಣಿತಕ್ಕೆ. ಹೋದ ಬೇಸಿಗೆಯಲ್ಲಿ ಶಾಲೆಯವರೆಲ್ಲ ಬಸ್ಸು ಮಾಡಿಕೊಂಡು ಕಾರವಾರಕ್ಕೆ ಹೋಗಿದ್ದಾಗ ಪರಿಚಯ ಬೆಳೆದಿತ್ತು. ಉಳಿದವರು ನೀರಿಗೆ ಇಳಿದಿದ್ದರೆ ನಾಗರತ್ನಾ ದುರ್ಬೀನು ಹಿಡಿದು ಅಲೆಯ ಮೇಲಿನ ಕಡಲಕ್ಕಿಗಳ ಹಿಂದೆ ಬಿದ್ದಿದ್ದಳು. ಗುಫ್ರಾನ್ ಸಮುದ್ರಕ್ಕೆ ಬೆನ್ನು ಮಾಡಿ ಮೀನಿನ ಬಂದರಿನ ಕಾಂಪೌಂಡಿನ ಚಿತ್ರಗಳ ಫೋಟೋ ತೆಗೆಯುತ್ತಿದ್ದ. "ಇಷ್ಟು ದೂರ ಬಂದು ಗ್ವಾಡಿ ನೋಡೋ ಮನುಷ್ಯಾ ನೀವೊಬ್ರೇ" ಎಂದು ಆಕೆ ಅಂದದ್ದಕ್ಕೆ, "ಕಾಗಿ ಬಿಟ್ಟು ಬ್ಯಾರೆ ಹಕ್ಕಿ ಹೆಸರು ಗೊತ್ತಿರೋರು ನೀವೊಬ್ರೇ" ಎಂದಿದ್ದ. ಊರಿಗೆ ಮರಳಿದ ಮೇಲೆ ಒಂದು ಕರಾರು ಆಯಿತು. ಭಾನುವಾರದ ಮುಂಜಾನೆ ಆಕೆಯದು, ಸಂಜೆ ಅವನದು. ಮುಂಜಾನೆ ಕಮಲಾಪುರದ ಕಡೆಯ ಕೆರೆ, ಬಯಲು, ಬಾಳೆತೋಟ. ಸಂಜೆ ಕಲಬುರಗಿಯ ಓಣಿಗಳಲ್ಲಿ ಹೊಸ ಗೋಡೆ ಹುಡುಕಾಟ.

ಜನವರಿಯಲ್ಲಿ ಕಮಲಾಪುರದ ಆಚೆ, ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಗಣಿಯಲ್ಲಿ ಆಕೆಗೆ ಆ ಗೂಡು ಸಿಕ್ಕಿತ್ತು. ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೂ ಆಕೆ ಅದನ್ನು ಹಾಕಲಿಲ್ಲ. ಅಮಾವಾಸ್ಯೆ ಹತ್ತಿರ ಬಂದರೆ ಕೊಂಬಿನ ಗೂಬೆಗೆ ಗಿರಾಕಿ ಹುಟ್ಟುತ್ತಾರೆ, ಮಾಟದವರಿಗೆ ಬೇಕಾಗುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಮರಿಗಳಾದರೆ ಇನ್ನೂ ಸುಲಭ. ಹಾರಲಾರವು, ಕೈಗೆ ಸಿಗುತ್ತವೆ. ಹಾಗಾಗಿ ತೋರಿಸಿದ್ದು ಗುಫ್ರಾನ್‌ಗೆ ಮಾತ್ರ. ಮರಿಗಳು ಹಾರಿ ಹೋಗುವವರೆಗೆ ಯಾರ ಮುಂದೆಯೂ ಬಾಯಿ ಬಿಡಬಾರದು ಎಂದು ಹೇಳಿಯೇ ತೋರಿಸಿದ್ದಳು. ಅವು ಹಾರಲು ಇನ್ನು ಕೆಲವೇ ದಿನ ಉಳಿದಿದ್ದವು.

"ನೀವು ಯಾರ್ರಿ? ಕಾರ್ಪೊರೇಶನ್‌ದವರೇನು?" ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಮನೆಯ ಒಡತಿ ಲಲಿತಾಬಾಯಿ. "ಫೋಟೋ ಯಾಕ ತೆಗೀಲಾಕತ್ತೀರಿ? ರೋಡ್ ಅಗಲ ಮಾಡ್ತಾರಂತ ಸುದ್ದಿ ಅದ. ನಮ್ಮ ಕಟ್ಟಿ ನಮ್ಮ ಜಾಗಾದಾಗೇ ಅದ ಮತ್ತ."

"ಇಲ್ರಿ ಬಾಯಾರ, ಚಿತ್ರ ನೋಡಾಕ ಬಂದೀವಿ" ಎಂದ ಗುಫ್ರಾನ್.

"ಏನು ನೋಡೂದದ ಅದರಾಗ? ನಾ ಸೊಲ್ಲಾಪುರಕ್ಕ ಮಗಳ ಮನಿಗಿ ಹೋಗಿದ್ದೆ. ಬಾಡಿಗಿಯವರು ಫೋನ್ ಹಚ್ಚಿ, ಕಾಲೇಜಿನ ಹುಡುಗ್ರು ಬಂದಾರ, ಗ್ವಾಡಿಗಿ ಹಕ್ಕಿ ಬರೀತಾರಂತ ಅಂದ್ರು. ಹಕ್ಕಿ ಅಂದ್ರ ಗಿಣಿ, ನವಿಲು ಅನ್ಕೊಂಡು ಹೂಂ ಅಂದೆ. ಬಂದು ನೋಡ್ತೀನಿ, ಬಾಗಲಿಗಿ ಗೂಗಿ ಕುಂತದ. ಮನ್ಯಾಗ ಸೊಸಿ ಬಸರಿದ್ದಾಳ. ಮುಂದಿನ ಐತಾರ ಸುಣ್ಣ ಹೊಡಸ್ತೀನಿ."

"ಬರೆದವರ ಹೆಸರು?" ಎಂದಳು ನಾಗರತ್ನಾ.

"ನನಗೇನು ಗೊತ್ತವ್ವಾ. ನಾ ಬರೂದ್ರಾಗ ಬರದು ಹೋಗ್ಯಾರ."

ಎದುರಿಗೆ ಚಹಾದ ಅಂಗಡಿ. ಬೆಂಚಿನ ಮೇಲೆ ಕೂತಿದ್ದ ಒಬ್ಬ ಗಿರಾಕಿ, ಹೆಬ್ಬೆರಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡವನು, ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ ಕೇಳಿದ. "ಖರೇನೇ ಇರ್ತಾವೇನ್ರಿ ಮೇಡಂ ಇಂಥಾ ಗೂಗಿ? ಇಷ್ಟು ದೊಡ್ಡವು?"

ನಾಗರತ್ನಾ ಅವನಿಗೆ ಉತ್ತರ ಕೊಡಲಿಲ್ಲ. ಗುಫ್ರಾನ್ ಕಡೆ ತಿರುಗಿದಳು. ಮೂವತ್ತೈದು ಮಕ್ಕಳ ತರಗತಿಗೆ ಕೇಳಿಸುವಂತೆ ಮಾತಾಡಿ ರೂಢಿಯಾದ ದನಿ ಆಕೆಯದು. "ಕಮಲಾಪುರದ ಹಳೀ ಗಣಿ. ದೌಲಪ್ಪನ ತ್ವಾಟದ ಹಿಂದ. ಅಲ್ಲಿ ಗೂಡದ, ಮರಿ ಅವ ಅಂತ ನನಗ ಬಿಟ್ರ ನಿಮಗೊಬ್ಬರಿಗೇ ಗೊತ್ತು ಸರ್. ಮೂರನೇದವರಿಗಿ ಹ್ಯಾಂಗ ಗೊತ್ತಾತು?"

"ಮೇಡಂ, ಜರಾ ಸಾವಕಾಶ."

"ಹೇಳ್ರಿ."

"ಯಾರಿಗೂ ಹೇಳಿಲ್ರಿ. ಮುಂಜಾನೆ ಎದ್ದು ಎಲ್ಲಿ ಹೋಗ್ತೀ ಅಂತ ಅಮ್ಮಿ ಕೇಳಿದ್ರ, ಕಮಲಾಪುರದ ಕಡಿ ಅಂತ ಅಷ್ಟೇ ಹೇಳೀನಿ."

"ಹೇಳೀರಲ್ಲ ಮತ್ತ."

ಗುಫ್ರಾನ್ ಫೋನನ್ನು ಜೇಬಿಗೆ ಇಳಿಸಿದ. ಅವನ ಸೋದರಮಾವ ಸಂತೆಯಲ್ಲಿ ಪಾರಿವಾಳ ಮಾರುತ್ತಾನೆಂಬುದು ನಾಗರತ್ನಾಳಿಗೆ ಆಗ ನೆನಪಾಯಿತು. ರಂಜಾನ್ ಹಬ್ಬಕ್ಕೆ ಅವರ ಮನೆಯಲ್ಲಿ ಕೂತು ಶೀರ್‌ಖುರ್ಮಾ ತಿಂದಾಗ ಅದೇ ಮಾವ ಎದುರಿಗೆ ಕೂತಿದ್ದ, ಆಗ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಆಕೆ ಚಹಾದ ಅಂಗಡಿಯವನ ಹತ್ತಿರ ಹೋಗಿ ಒಂದು ಚೀಟಿಯಲ್ಲಿ ತನ್ನ ಹೆಸರು, ಫೋನ್ ನಂಬರು ಬರೆದುಕೊಟ್ಟು, ಈ ಚಿತ್ರ ಬರೆದವರು ಬಂದರೆ ತಿಳಿಸು ಎಂದಳು. ಆಮೇಲೆ ಸ್ಕೂಟಿ ಚಾಲೂ ಮಾಡಿದಳು. ಗುಫ್ರಾನ್ ಹಿಂದೆ ಕೂತು ಬಂದವನು. ಅವನು ಹತ್ತುವವರೆಗೆ ಆಕೆ ನಿಲ್ಲಲಿಲ್ಲ.

ಆ ವಾರವಿಡೀ ಅವನ ಮೆಸೇಜುಗಳು ಬಂದವು. ಆಕೆ ತೆರೆದು ನೋಡಲಿಲ್ಲ. ಶಾಲೆಗೆ ರಜೆ ಬಿದ್ದಿತ್ತು, ಮುಖ ನೋಡುವ ಪ್ರಮೇಯ ಇರಲಿಲ್ಲ. ಹಿಂದಿನ ಭಾನುವಾರಗಳನ್ನೆಲ್ಲ ಒಂದೊಂದಾಗಿ ತೆಗೆದು ಮಗುಚಿ ಹಾಕಿದಳು. ಒಮ್ಮೆ ಗಣಿಯ ಹತ್ತಿರ ಅವನು ಯಾರೊಂದಿಗೋ ಉರ್ದುವಿನಲ್ಲಿ ಫೋನಿನಲ್ಲಿ ಮಾತಾಡಿದ್ದ. ಇನ್ನೊಮ್ಮೆ, ಮರಿ ಎಷ್ಟು ದಿನಕ್ಕೆ ಹಾರುತ್ತವೆ ಎಂದು ಕೇಳಿದ್ದ. ಗಣಿತದ ಮಾಸ್ತರನಿಗೆ ಅದು ಯಾಕೆ ಬೇಕು? ಆಗ ಸಾದಾ ಎನಿಸಿದ್ದು ಈಗ ಒಂದೂ ಸಾದಾ ಆಗಿ ಉಳಿಯಲಿಲ್ಲ.

ಭಾನುವಾರ ಬೆಳಕು ಹರಿಯುವಾಗ ಒಬ್ಬಳೇ ಹುಮನಾಬಾದ ರಸ್ತೆ ಹಿಡಿದಳು. ಕಮಲಾಪುರ ದಾಟಿ ಎಡಕ್ಕೆ ಹೊರಳಿದರೆ ಕರಿ ಮಣ್ಣು ಮುಗಿದು ಕೆಂಪು ಮಣ್ಣು ಶುರುವಾಗುತ್ತದೆ. ಅಲ್ಲಿಂದ ಮುಂದೆ ಕೆಂಪು ಬಾಳೆಯ ತೋಟಗಳು. ದೌಲಪ್ಪ ಗೊನೆಗಳಿಗೆ ಒಣ ಎಲೆ ಸುತ್ತಿ ಬಿಸಿಲು ತಾಗದಂತೆ ಕಟ್ಟುತ್ತಿದ್ದ. ಮೊದಲ ಸಲ ಆಕೆಯ ದುರ್ಬೀನು ನೋಡಿ, ಭೂಮಿ ಅಳೆಯಲು ಬಂದ ಸೋಲಾರ್ ಕಂಪನಿಯವಳೆಂದು ಒಂದು ತಿಂಗಳು ಅವನು ಮಾತೇ ಆಡಿರಲಿಲ್ಲ. ಈಗ ಬಂದಾಗಲೆಲ್ಲ ಎರಡು ಹಣ್ಣು ಕೈಗೆ ಕೊಡದೆ ಬಿಡುವುದಿಲ್ಲ.

"ಬರ್ರಿ ಮೇಡಂ. ಸರ್ ಬಂದಿಲ್ಲೇನು?"

"ಸರ್ ಈ ವಾರ ಇಲ್ಲಿಗಿ ಬಂದಿದ್ರೇನು?"

"ಬಂದಿದ್ರಲ್ಲ. ಬುಧವಾರ."

ನಾಗರತ್ನಾ ಹೆಲ್ಮೆಟ್ಟನ್ನು ನಿಧಾನ ತೆಗೆದಳು. ಇದಕ್ಕೇ ಕಾಯುತ್ತಿದ್ದವಳಂತೆ ಆಕೆಗೆ ಒಂದು ಬಗೆಯ ಸಮಾಧಾನವೂ ಆಯಿತು. "ಒಬ್ರೇ? ಏನು ಮಾಡಿದ್ರು?"

"ಏನು ಮಾಡ್ತಾರ್ರಿ, ಆ ಬೇವಿನ ಗಿಡದ ಕೆಳಗ ಮುಂಜಾನಿಂದ ಸಂಜೀತನಾ ಕುಂತಿದ್ರು. ರೊಟ್ಟಿ ಕೊಟ್ರ ಉಂಡ್ರು. ಹೋಗೂಮುಂದ ನಂಬರ್ ಕೊಟ್ಟು, ಇತ್ಲಾಗ ಯಾರರೆ ಬಂದ್ರ ನನಗ ಫೋನ್ ಹಚ್ಚು ಕಾಕಾ ಅಂದ್ರು."

ಆಕೆ ಬೇವಿನ ಗಿಡದ ಕಡೆ ನೋಡಿದಳು. "ಮತ್ತ ಯಾರರೆ ಬಂದಿದ್ರಾ?"

"ಇಲ್ರಿ, ಯಾರೂ ಬಂದಿಲ್ಲ." ದೌಲಪ್ಪ ಹಗ್ಗ ಬಿಗಿದು ಗಂಟು ಹಾಕಿದ. "ನಿಮ್ಮ ಮಂದಿ ಅಷ್ಟೇ ಬಂದಿದ್ರು, ನಿನ್ನೆ ಮಧ್ಯಾಹ್ನ."

"ನಮ್ಮ ಮಂದಿ ಅಂದ್ರ?"

"ಇಬ್ರು ಬಂದಿದ್ರಲ್ಲ ಮೋಟಾರಸೈಕಲ್ ಮ್ಯಾಲ, ಬ್ರಹ್ಮಪುರದಿಂದ. ನಾಗರತ್ನಾ ಮೇಡಂ ಕಳಿಸ್ಯಾರ, ಫೋಟೋ ಹೊಡೀಬೇಕಾಗ್ಯಾದ ಅಂದ್ರು. ನಿಮ್ಮ ನಂಬರ್ ಸುದ್ದಾ ತೋರಿಸಿದ್ರು. ಹಿಂಗ ತ್ವಾಟದಾಗಿಂದ ಹೋಗ್ರಿ ಅಂತ ಹಾದಿ ತೋರಿಸ್ದೆ. ಪಾಪ, ಒಬ್ಬಾಂವಗ ಹೆಬ್ಬಟ್ಟಿಗಿ ಪೆಟ್ಟಾಗಿತ್ತು, ಪಟ್ಟಿ ಕಟ್ಟಿದ್ದ."

"ಸರ್‌ಗ ಫೋನ್ ಹಚ್ಚಲಿಲ್ಲ?"

"ಅವರು ಯಾರರೆ ಬಂದ್ರ ಅಂದಿದ್ರು." ದೌಲಪ್ಪ ಆಕೆಯ ಮುಖ ನೋಡಿದ. "ನಿಮ್ಮ ಮಂದಿ ಯಾರರೆ ಆಗ್ತಾರೇನ್ರಿ?"

ಆಕೆ ತೋಟದೊಳಗಿಂದ ಓಡಿದಳು. ಬಾಳೆಯ ಒಣ ಎಲೆ ಕಾಲಿಗೆ ತೊಡರಿತು. ಗಣಿಯ ಅಂಚಿಗೆ ಬರುವ ಮೊದಲೇ ಕಾಗೆಗಳ ಗದ್ದಲ ಕೇಳಿಸಿತು. ಆಚೆ ದಂಡೆಯ ಬೇವಿನ ಬೋಳು ಕೊಂಬೆಯ ಮೇಲೆ, ಹಾಡು ಹಗಲಿನಲ್ಲಿ, ತಾಯಿ ಗೂಬೆ ಕೂತಿತ್ತು. ಸುತ್ತ ಕಾಗೆಗಳು ಎರಗಿ ಎರಗಿ ಕುಕ್ಕುತ್ತಿದ್ದವು. ಅದು ಗರಿಯ ಕೊಂಬು ಮಡಿಸಿಕೊಂಡು ತಲೆ ತಗ್ಗಿಸುತ್ತಿತ್ತೇ ಹೊರತು ಹಾರುತ್ತಿರಲಿಲ್ಲ. ಬಂಡೆಯ ಸಂದಿನ ಕಡೆಗೇ ಮುಖ ಮಾಡಿತ್ತು.

ಸಂದು ಖಾಲಿ ಇತ್ತು. ಬಿಳಿ ಹಿಕ್ಕೆ, ಇಲಿಯ ಎಲುಬು, ಎರಡು ಬೂದು ತುಪ್ಪಳ. ಕೆಳಗೆ ಹಳದಿ ಕ್ರೇಟನ್ನು ಯಾರೋ ಎಳೆದು ತಂದು ಬಂಡೆಗೆ ಒತ್ತಿ ಮೆಟ್ಟಿಲು ಮಾಡಿಕೊಂಡಿದ್ದರು. ಅದರ ಬೆನ್ನ ಮೇಲೆ ಕೆಂಪು ಮಣ್ಣಿನ ಬೂಟಿನ ಗುರುತು.

ದೌಲಪ್ಪ ಹಿಂದೆಯೇ ಬಂದಿದ್ದ. ಗಣಿಯ ಅಂಚಿನಲ್ಲೇ ನಿಂತ, ಕೆಳಗಿಳಿಯಲಿಲ್ಲ. ಆ ಕಡೆಯ ಹಳ್ಳಿಗರು ಯಾರೂ ಇಳಿಯುವುದಿಲ್ಲ. ಗೂಬೆಯ ಹೆಸರನ್ನೂ ಹೇಳುವುದಿಲ್ಲ, ಮುದುಕಿ ಎನ್ನುತ್ತಾರೆ.

"ಒಯ್ದ್ರೇನ್ರಿ ಮುದುಕಿ ಮಕ್ಕಳನ್ನ?"

ಆಕೆ ಹೌದೆಂದು ತಲೆಯಾಡಿಸಿದಳು.

"ನಾ ಬೆರಳು ಮಾಡಿ ತೋರಿಸಿಲ್ರಿ ಮೇಡಂ. ಮುದುಕಿಗಿ ಬೆರಳು ಮಾಡಬಾರದು. ಗದ್ದಾ ಎತ್ತಿ, ಆಕಡಿ ಅಂತ ಅಷ್ಟೇ ಅಂದೀನಿ." ಅಂಚಿನಲ್ಲೇ ಕುಕ್ಕರಿಸಿ ಮತ್ತೆ ಅಂದ. "ಮುದುಕಿ ಚಿತ್ರಾ ಬರೀಬ್ಯಾಡ ಅಂತ ನಮ್ಮ ವಿದ್ಯಾವತಿಗಿ ಬಡಕೊಂಡೆ. ಕಾಲೇಜಿನ್ಯಾಗ ಚಿತ್ರದ ಕ್ಲಾಸ್ ಮಾಡ್ತಾಳ. ಊರಾಗ ಯಾರದೋ ಗ್ವಾಡಿಗಿ ಬರದು ಬಂದಾಳ. ಹುಟ್ಟಿದಾಗಿಂದ ನೋಡೀನಿ ಅಪ್ಪಾ, ನನಗೇನೂ ಮಾಡಂಗಿಲ್ಲದು ಅಂದ್ಳು. ಆ ಕ್ರೇಟ್ ಸುದ್ದಾ ಬರದಾಳಂತ, ನಂದೇ ಅದು."

ನಾಗರತ್ನಾ ಅವನ ಕಡೆ ನೋಡಲಿಲ್ಲ. ಈ ಜಾಗ ಮೂರು ತಿಂಗಳಿಂದ ತಮ್ಮಿಬ್ಬರಿಗೇ ಗೊತ್ತು ಎಂದುಕೊಂಡಿದ್ದಳು. ಇಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಹೆಸರು ಹೇಳುತ್ತಿರಲಿಲ್ಲ, ಅಷ್ಟೇ. ಫೋನ್ ತೆಗೆದು ಅರಣ್ಯ ಇಲಾಖೆಗೆ ಹಚ್ಚಿದಳು. ಆ ಕಡೆಯ ಮನುಷ್ಯ ಎಲ್ಲವನ್ನೂ ಕೇಳಿಸಿಕೊಂಡು, ಹಕ್ಕಿಗೆ ಮಾಲಕರು ಯಾರು ಎಂದು ಕೇಳಿದ. ಎರಡನೇ ಸಲ ಬಿಡಿಸಿ ಹೇಳಿದ ಮೇಲೆ, ಸೋಮವಾರ ಸಾಹೇಬರು ಬರಲಿ ಎಂದ. ಮುಂದಿನ ಅಮಾವಾಸ್ಯೆ ಆ ಸೋಮವಾರವೇ ಇತ್ತು.

ಬ್ರಹ್ಮಪುರಕ್ಕೆ ಬಂದಾಗ ಬಿಸಿಲು ಏರುತ್ತಿತ್ತು. ಚಹಾದ ಅಂಗಡಿಯವನು ಆಕೆಯ ಗುರುತು ಹಿಡಿದ.

"ಪಟ್ಟಿ ಕಟ್ಟಿದಾಂವ? ಅವ ಇಲ್ಲಿ ದಿನಾ ಬರೋ ಗಿರಾಕಿ ಅಲ್ರಿ. ಅವತ್ತ ನೀವು ಹೋದಮ್ಯಾಲ, ಮೇಡಂಗ ಆ ಪೇಂಟರ್ ನಾ ಹುಡುಕಿ ಕೊಡ್ತೀನಿ ಅಂತ ಚೀಟಿ ಇಸಕೊಂಡ. ಯಾಕ, ಫೋನ್ ಮಾಡಿಲ್ಲೇನು?"

"ಇಲ್ಲ" ಎಂದಳು.

ಎದುರಿಗೆ ಲಲಿತಾಬಾಯಿ ತನ್ನ ಮಾತಿನಂತೆ ಆಳು ಕರೆಸಿದ್ದಳು. ಅವನು ಬಕೆಟ್ಟಿನಲ್ಲಿ ಕುಂಚ ಅದ್ದಿ ಅದ್ದಿ ಗೋಡೆಗೆ ಸುಣ್ಣ ಎಳೆಯುತ್ತಿದ್ದ. ಹಸಿ ಸುಣ್ಣ ಬರಿ ನೀರಿನ ಹಾಗೆ, ಅದರ ಹಿಂದಿನಿಂದ ಗೂಬೆ, ಮರಿ, ಕ್ರೇಟು ಎಲ್ಲವೂ ಕಾಣುತ್ತಿದ್ದವು.

"ಅಲ್ಲೋ, ಕಣ್ಣು ಹಂಗೇ ಅವ. ನನ್ನನ್ನೇ ನೋಡಲಾಕತ್ತಾವ" ಎಂದಳು ಲಲಿತಾಬಾಯಿ.

"ಒಣಗಲಿ ತಡೀರಿ ಬಾಯಾರ. ಒಣಗಿದ ಮ್ಯಾಲ ಏನೂ ಕಾಣಂಗಿಲ್ಲ."

ಬೆಂಚಿನ ಒಂದು ತುದಿಗೆ ಗುಫ್ರಾನ್ ಕೂತಿದ್ದ. ಗೋಡೆ ಅಳಿಯುವ ಮೊದಲು ಕಡೆಯ ಫೋಟೋ ತೆಗೆಯಲು ಬಂದಿರಬೇಕು. ಆಕೆಯನ್ನು ಕಂಡು ಎದ್ದು ನಿಲ್ಲಲಿಲ್ಲ. ಫೋನು ತೊಡೆಯ ಮೇಲಿತ್ತು.

"ಬರದಾಕಿ ಸಿಕ್ಕಾಳ ಮೇಡಂ. ದೌಲಪ್ಪ ಕಾಕಾನ ಮಗಳು. ಬುಧವಾರನೇ ಮೆಸೇಜ್ ಹಾಕಿದ್ದೆ, ನೀವು ನೋಡಿಲ್ಲ."

"ಹೂಂ."

ಬೆಂಚಿನ ಇನ್ನೊಂದು ತುದಿ ಖಾಲಿ ಇತ್ತು. ಅವತ್ತು ಪಟ್ಟಿ ಕಟ್ಟಿದವನು ಕೂತದ್ದು ಅಲ್ಲೇ. ನಾಗರತ್ನಾ ಅದನ್ನು ಒಂದು ಕ್ಷಣ ನೋಡಿ, ಕೂತಳು. ಹಲಗೆ ಕಾದಿತ್ತು. ಅಂಗಡಿಯವನು ಕೇಳದೆಯೇ ಎರಡು ಚಹಾ ತಂದಿಟ್ಟ.

"ಮರಿ ಹ್ಯಾಂಗವ?" ಎಂದ ಗುಫ್ರಾನ್.

ಗೋಡೆ ಮೇಲಿನಿಂದ ಕೆಳಕ್ಕೆ ಒಣಗುತ್ತ ಬರುತ್ತಿತ್ತು. ಮೊದಲು ಕೊಂಬುಗಳು ಬೆಳ್ಳಗಾದವು. ಆಮೇಲೆ ತಾಯಿಯ ಒಂದು ಕಣ್ಣು, ಆಮೇಲೆ ಇನ್ನೊಂದು. ಆಕೆ ಚಹಾ ಮುಟ್ಟಲಿಲ್ಲ. ಗುಫ್ರಾನ್ ಮತ್ತೆ ಕೇಳಲಿಲ್ಲ, ಆಕೆ ನೋಡುತ್ತಿದ್ದ ಕಡೆಗೇ ನೋಡತೊಡಗಿದ. ಅಂಗಡಿಯ ತಗಡಿನ ನೆರಳು ಗೋಡೆಯ ಕೆಳಭಾಗಕ್ಕೆ ಬಿದ್ದಿತ್ತು. ಅಲ್ಲಿಗೆ ಬಿಸಿಲು ಇನ್ನೂ ತಲುಪಿರಲಿಲ್ಲ. ಹಸಿ ಸುಣ್ಣದ ಹಿಂದೆ ಎರಡು ಮರಿಗಳೂ ಹಾಗೇ ಕೂತಿದ್ದವು.