ಬಾನೆಟ್ ಬಿಸಿಯಿದ್ದ ಭಾನುವಾರ

ನಾನು ಒಂದು ಕಾರು. ಎರಡೇ ಸೀಟು, ಉದ್ದ ಮೂಗು, ತಲೆಯ ಮೇಲೆ ಸೂರಿಲ್ಲ. ಸೂರು ಎಲ್ಲೋ ಹಾರಿಹೋಗಿದೆ ಎಂದು ಮರುಗಬೇಡಿ, ನನ್ನನ್ನು ಮಾಡಿದ್ದೇ ಹಾಗೆ. ವರ್ಷದ ಬಹುಪಾಲು ಮೋಡ ಕವಿದಿರುವ ಇಂಗ್ಲೆಂಡಿನಲ್ಲಿ ಬಿಸಿಲಿಗೆ ಬಾಯಿಬಿಡುವ ಜನ ನನ್ನಂಥ ಗಾಡಿಗಳನ್ನು ಕಟ್ಟಿದರು. ಮಳೆ ಬಂದರೆ ಎಳೆದುಕೊಳ್ಳಲಿ ಎಂದು ಬೆನ್ನಿಗೊಂದು ಮಡಚುವ ಕ್ಯಾನ್ವಾಸ್ ಟಾಪು ಕೊಟ್ಟರು. ಅದನ್ನು ಎಳೆದು ಗುಂಡಿ ಹಾಕುವಷ್ಟರಲ್ಲಿ ಮಳೆ ನಿಂತಿರುತ್ತಿತ್ತು, ಆ ಮಾತು ಬೇರೆ. ಗಂಟೆಗೆ ನೂರು ಮೈಲಿಯವರೆಗೂ ನನ್ನ ಮೀಟರಿನ ಮೇಲೆ ಅಂಕಿ ಬರೆದಿದ್ದರು. ನನ್ನ ಬಾಳೆಲ್ಲ ಆ ಅಂಕಿಗಳ ಮೇಲೆಯೇ ಓಡುತ್ತದೆ ಎಂದು ನಾನೂ ನಂಬಿದ್ದೆ.

ಹಡಗು ಹತ್ತಿ ಮುಂಬಯಿಗೆ ಬಂದೆ. ತಂದ ಸಾಹೇಬ ತನ್ನ ದೇಶಕ್ಕೆ ಹಿಂತಿರುಗುವಾಗ ನನ್ನನ್ನು ಮಾರಲು ನಿಂತ. ಆಗ ನೋಡಲು ಬಂದವರು ಹುಬ್ಬಳ್ಳಿಯಲ್ಲಿ ರೈಲ್ವೆ ಎಂಜಿನಿಯರಾಗಿದ್ದ ದಿನ್‌ಶಾ ಎಂಬ ಪಾರ್ಸಿ. ಅಬ್ಬಾ, ಆ ಮನುಷ್ಯ ನನ್ನನ್ನು ನೋಡಿದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಬೆಲೆ ಕೇಳಲಿಲ್ಲ, ಬಣ್ಣ ಹೊಗಳಲಿಲ್ಲ. ಮೊದಲು ಬಂದು ಬಾನೆಟ್ ಮೇಲೆ ಅಂಗೈ ಇಟ್ಟರು. ಅದು ತಣ್ಣಗಿತ್ತು. ಸರಿ ಎಂಬಂತೆ ತಲೆಯಾಡಿಸಿದರು. ಆಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ನನ್ನ ಹೊಟ್ಟೆಯ ಕೆಳಗೆ ಅಂಗಾತ ಮಲಗಿದರು. ಕಾಲಡಿಯ ಚಾಪೆ ಎತ್ತಿ ತಗಡು ಹಸಿಯಾಗಿದೆಯೇ ಎಂದು ಬೆರಳಾಡಿಸಿದರು.

ಜೊತೆಗೆ ಬಂದಿದ್ದ ಸ್ನೇಹಿತರಿಗೆ ಅವರು ಪಾಠ ಹೇಳುತ್ತಿದ್ದರು, ನಾನೂ ಕೇಳಿಸಿಕೊಂಡೆ. ನೋಡಲು ಹೋದಾಗ ಎಂಜಿನ್ ಮೊದಲೇ ಬಿಸಿಯಾಗಿದ್ದರೆ ಮನೆಗೆ ಹೋಗಿಬಿಡು, ತಣ್ಣಗಿದ್ದಾಗ ಚಾಲೂ ಆಗದ ಗಾಡಿಯನ್ನೇ ಮಾರುವವನು ಕಾಯಿಸಿ ಇಟ್ಟಿರುತ್ತಾನೆ. ಹೊಸ ಬಣ್ಣ ಬಳಿದಿದ್ದರೆ ಇನ್ನೂ ಬೇಗ ಹೋಗು, ಕೆಳಗೆ ತುಕ್ಕು ಇರುತ್ತದೆ, ತುಕ್ಕಿನ ಮೇಲೆ ಪುಟ್ಟಿ ಮೆತ್ತಿರುತ್ತಾರೆ. ಮೂರನೆಯದು ಬಾಗಿಲು. ಸೂರಿರುವ ಕಾರಿನ ಭಾರವನ್ನು ಸೂರೂ ಹೊರುತ್ತದೆ. ನನ್ನಂಥವುಗಳ ಭಾರ ಪೂರಾ ನೆಲದ ತಗಡಿನ ಮೇಲೆ. ಅದು ಒಳಗೊಳಗೇ ಕೊಳೆತಿದ್ದರೆ ಜನ ಕೂತ ಕೂಡಲೇ ನಡು ಜಗ್ಗಿ ಬಾಗಿಲು ಕಚ್ಚಿಕೊಳ್ಳುತ್ತದೆ. ಅದಕ್ಕೇ ಇಬ್ಬರನ್ನು ಕೂರಿಸಿ ಬಾಗಿಲು ತೆಗೆದು ನೋಡಬೇಕು. ಅವರು ಕೂರಿಸಿ ನೋಡಿದರು, ನನ್ನ ಬಾಗಿಲು ಒಂದು ಬೆರಳಿಗೆ ತೆರೆಯಿತು. ಆಗಲೇ ನಾನು ಅವರ ಪಾಲಾದೆ.

ದಿನ್‌ಶಾ ಸಾಹೇಬರ ಕಾಲದಲ್ಲಿ ಹುಬ್ಬಳ್ಳಿ–ಧಾರವಾಡದ ರಸ್ತೆ ನನ್ನದೇ ಆಗಿತ್ತು. ನಾಲ್ಕನೇ ಗೇರಿಗೆ ಬಿದ್ದೆನೆಂದರೆ ಬೇವಿನ ಮರಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು. ಅವರು ನಿವೃತ್ತರಾಗಿ ಹೋಗುವಾಗ ಧಾರವಾಡದ ವಕೀಲರೊಬ್ಬರಿಗೆ ನನ್ನನ್ನು ಕೊಟ್ಟರು. ವಕೀಲರ ಹೆಂಡತಿ ಒಂದೇ ಸಲ ಕೂತು, ಬಿಚ್ಚಿಹೋದ ತುರುಬು ಹಿಡಿದುಕೊಂಡು ಇಳಿದವರು ಮತ್ತೆ ಹತ್ತಲಿಲ್ಲ. ನಾನು ಅವರ ಕಂಪೌಂಡಿನಲ್ಲಿ ಟಾರ್ಪಾಲಿನ್ ಹೊದ್ದು ಬೇಜಾರಿನಲ್ಲಿ ಬಿದ್ದಿದ್ದೆ. ವಕೀಲರ ಮನೆಯ ಮದುವೆಗೆ ಶಾಮಿಯಾನ ಹಾಕಲು ಬಂದ ಗುರುಶಾಂತಪ್ಪ ಎಂಬ ಹುಡುಗಾಟದ ತರುಣ ಟಾರ್ಪಾಲಿನ್ ಎತ್ತಿ ನೋಡಿದ್ದೇ ತಡ, ಅವನ ಕಣ್ಣು ಅರಳಿತು.

"ಮೇಲ ಏನೂ ಇಲ್ಲ ನೋಡ್ರಿ ಇದಕ್ಕ," ಎಂದ. "ಮದುಮಗನ ಮೆರವಣಿಗೀಗೆ ಹೇಳಿ ಮಾಡಿಸಿದಂಗೈತಿ."

ಗೊತ್ತಾಯಿತಲ್ಲ ನನ್ನ ಹಣೆಬರಹ? ಅವನು ವಕೀಲರಿಂದ ನನ್ನನ್ನು ಕೊಂಡ, ವೇಗಕ್ಕೆಂದು ಹುಟ್ಟಿದ ನಾನು ಧಾರವಾಡದ ಮೆರವಣಿಗೆಯ ಗಾಡಿಯಾದೆ.

ನನ್ನ ಮೇಲೆ ಕೂತ ಮೊದಲ ಜೋಡಿ ಗುರುಶಾಂತಪ್ಪ ಮತ್ತು ಅವನ ಮದುಮಗಳು ನೀಲವ್ವ. ಮಡಚಿದ ಟಾಪಿನ ಮೇಲೆ ಕಂಬಳಿ ಹಾಸಿ ಇಬ್ಬರನ್ನೂ ಎತ್ತರದಲ್ಲಿ ಕೂರಿಸಿದ್ದರು. ನೀಲವ್ವ ಬೀಳುವ ಹೆದರಿಕೆಗೆ ನನ್ನ ಬೆನ್ನಿನ ತಗಡನ್ನು ಗಟ್ಟಿಯಾಗಿ ಹಿಡಿದಿದ್ದಳು. ಆಮೇಲೆ ಮೂವತ್ತು ವರ್ಷ ಅದೇ ಕೆಲಸ. ಮುಂದೆ ಬ್ಯಾಂಡು, ಅದರ ಮುಂದೆ ಕುಣಿಯುವ ಗೆಳೆಯರು, ಹಿಂದೆ ಮೊದಲ ಗೇರಿನಲ್ಲಿ ನಾನು. ಮೊದಮೊದಲು ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಸಿಟ್ಟಿಗೆ ರೇಡಿಯೇಟರಿನ ನೀರು ಕೊತಕೊತ ಕುದಿಯುತ್ತಿತ್ತು. ಗುರುಶಾಂತಪ್ಪ ನನ್ನ ಮೂಗಿನೊಳಗೆ ಟ್ರ್ಯಾಕ್ಟರಿನ ದೊಡ್ಡ ಫ್ಯಾನ್ ಕೂರಿಸಿದ. ನನಗೆ ಹೊಂದುವ ವಸ್ತುವೇ ಅಲ್ಲ ಅದು, ಆದರೂ ತಂಪಾಯಿತು. ಮೈ ತಂಪಾದ ಮೇಲೆ ಮನಸ್ಸೂ ತಂಪಾಯಿತು. ವೇಗದಲ್ಲಿ ಹೋಗುವಾಗ ಮರಗಳನ್ನಷ್ಟೇ ನೋಡಿದ್ದೆ. ಈಗ ಮುಖಗಳನ್ನು ನೋಡತೊಡಗಿದೆ. ಕಿಟಕಿಯಲ್ಲಿ ನಿಂತ ಮುದುಕಿಯರು, ಅಂಗಡಿಯ ಕಟ್ಟೆಯ ಮೇಲಿನವರು, ಸಂತೋಷದ ನಡುವೆ ಗುಟ್ಟಾಗಿ ಕಣ್ಣೊರೆಸಿಕೊಳ್ಳುವ ಮದುಮಗಳ ಅಪ್ಪ. ಊರಿನ ಅರ್ಧದಷ್ಟು ಮನೆಗಳ ಗೋಡೆಯ ಫೋಟೋದಲ್ಲಿ ನಾನಿದ್ದೇನೆ. ನನಗೆ ಊರು ಹಿಡಿಸಿತು, ಗುರುಶಾಂತಪ್ಪನಂತೂ ತುಂಬಾ ಹಿಡಿಸಿದ.

ಹೀಗಿರುವಾಗ ನಾನಿದ್ದ ಬಾಡಿಗೆಯ ಶೆಡ್ಡನ್ನು ಕೆಡವಿ ಅಂಗಡಿ ಸಾಲು ಕಟ್ಟುತ್ತೇವೆಂದು ಜಾಗದ ಮಾಲೀಕರು ಹೇಳಿ ಕಳಿಸಿದರು. ಗುರುಶಾಂತಪ್ಪನ ಮನೆ ಇರುವುದು ಸೈಕಲ್ಲೂ ಅಡ್ಡ ನಿಲ್ಲದ ಓಣಿಯಲ್ಲಿ. ನನ್ನನ್ನು ಎಲ್ಲಿಡಬೇಕು? ಊರೆಲ್ಲ ಅಲೆದ, ಜಾಗ ಸಿಗಲಿಲ್ಲ. ಮಾರುವುದೊಂದೇ ದಾರಿ ಉಳಿಯಿತು.

ಮೊದಲು ಬಂದವನು ಹೈವೇಯ ಹೊಟೇಲಿನವನು. ಟೇಪು ಹಿಡಿದು ನನ್ನನ್ನು ಉದ್ದಕ್ಕೂ ಅಳೆದ. ಜೇಬಿನಿಂದ ಸೀಮೆಸುಣ್ಣ ತೆಗೆದು ನನ್ನ ನಡುವಿಗೆ ಅಡ್ಡಲಾಗಿ ಗೆರೆ ಎಳೆದ. "ಇಲ್ಲಿಗೆ ಕೊಯ್ಸಿಬಿಡ್ತೀನಿ," ಎಂದ. "ಮುಂದಿನ ಭಾಗ ನಮ್ಮ ಗಲ್ಲಾಕ್ಕ ಚಂದ ಕಾಣ್ತದ. ಹಿಂದಿಂದು ಬ್ಯಾಡ. ಸೋಮವಾರ ಲಾರಿ ಕಳಸ್ತೀನಿ."

ಬೇರೆ ಯಾರೂ ಬರದಿದ್ದರೆ ನೋಡೋಣ ಎಂದಷ್ಟೇ ಗುರುಶಾಂತಪ್ಪನ ಬಾಯಿಂದ ಬಂತು. ಹೊಟೇಲಿನವನು ಹೋದ ಮೇಲೆ ನೀಲವ್ವ ಒದ್ದೆ ಬಟ್ಟೆ ತಂದು ಆ ಗೆರೆಯನ್ನು ತಿಕ್ಕಿ ತಿಕ್ಕಿ ಒರೆಸಿದಳು. "ನಾ ಕುಂತ ಬಂದ ಗಾಡಿ ಇದು," ಎಂದಳು. "ಕೊಯ್ದು ಚಾದಂಗಡಿ ಗಲ್ಲಾ ಮಾಡ್ತಾನಂತ, ಚಲೋ ಆತು." ಗೆರೆ ಹೋಯಿತು, ಆದರೆ ನನಗೆ ಅದು ಇನ್ನೂ ಅಲ್ಲೇ ಇದ್ದಂತೆ ಅನಿಸುತ್ತಿತ್ತು. ಹೆದರಿಕೆ ಅಂದರೆ ಏನೆಂದು ಆ ವಾರ ತಿಳಿಯಿತು.

ಅಷ್ಟರಲ್ಲಿ ಬೆಳಗಾವಿಯಿಂದ ಒಂದು ಫೋನು ಬಂತು. ಶಾಲ್ಮಲಾ ಕುಲಗೋಡ ಎಂಬ ಹಲ್ಲಿನ ಡಾಕ್ಟರು. ಇಂಥ ಗಾಡಿ ಓಡಿಸುವ ಆಸೆ ಅವರಿಗೆ ಬಹಳ ದಿನದ್ದು. ಭಾನುವಾರ ಬಂದು ನೋಡುತ್ತೇನೆ ಎಂದರು. ಗುರುಶಾಂತಪ್ಪನಿಗೆ ಹೋದ ಜೀವ ಬಂದಂತಾಯಿತು. ಡಾಕ್ಟರು ಒಪ್ಪಿದರೆ ನಾನು ಇಡಿಯಾಗಿ ಉಳಿಯುತ್ತೇನೆ, ಒಪ್ಪದಿದ್ದರೆ ಸೋಮವಾರ ಲಾರಿ. ಅವನೂ ನೀಲವ್ವನೂ ಸೇರಿ ತಯಾರಿಗೆ ನಿಂತರು. ನನ್ನ ಕಷ್ಟ ಶುರುವಾದದ್ದು ಅಲ್ಲಿಂದಲೇ.

ಮೊದಲು ಮೈತುಂಬ ಹೊಸ ಬಣ್ಣ ಬಳಿಸಿದ, ಕುಂಕುಮದಂಥ ಕೆಂಪು. ಬೇಡಪ್ಪಾ, ಹೊಸ ಬಣ್ಣ ಬೇಡ ಎಂದು ಕೂಗಿಕೊಳ್ಳೋಣವೆಂದರೆ ನನಗಿರುವುದು ಹಾರ್ನ್ ಒಂದೇ, ಅದನ್ನೂ ಅವನೇ ಒತ್ತಬೇಕು. ನೀಲವ್ವ ಎರಡೂ ಬಾಗಿಲಿಗೆ ಅಡ್ಡಲಾಗಿ ಚೆಂಡುಹೂವಿನ ಸರ ಬಿಗಿದಳು. ಭಾನುವಾರ ಬೆಳಿಗ್ಗೆ ಡಾಕ್ಟರು ಬರುವ ಮೊದಲೇ ಗುರುಶಾಂತಪ್ಪ ಎಂಜಿನ್ ಚಾಲೂ ಮಾಡಿ ನನ್ನನ್ನು ಹದವಾಗಿ ಕಾಯಿಸಿ ಇಟ್ಟ. ದಿನ್‌ಶಾ ಸಾಹೇಬರು ಏನೇನು ಕಂಡರೆ ಓಡಿಹೋಗು ಎಂದಿದ್ದರೋ ಅದನ್ನೆಲ್ಲ ಈ ಪುಣ್ಯಾತ್ಮ ಒಂದೂ ಬಿಡದೆ ಮಾಡಿ ಮುಗಿಸಿದ್ದ.

ಶಾಲ್ಮಲಾ ಡಾಕ್ಟರು ಬಂದರು. ಐವತ್ತರ ಆಸುಪಾಸು, ಗಿಡ್ಡ ಕೂದಲು, ಹೆಚ್ಚು ಮಾತಿಲ್ಲ. ಸೀದಾ ಬಂದು ಬಾನೆಟ್ ಮೇಲೆ ಅಂಗೈ ಇಟ್ಟರು. ಅಂಗೈ ತಟ್ಟನೆ ಹಿಂದಕ್ಕೆ ಹೋಯಿತು. ಆಮೇಲೆ ಬೆರಳಿನಿಂದ ಬಣ್ಣ ಸವರಿದರು, ಅದಿನ್ನೂ ಸ್ವಲ್ಪ ಅಂಟುತ್ತಿತ್ತು. ಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು ನನ್ನ ಮೂಗಿನೊಳಗೆ ಇಣುಕಿದರು. ಟ್ರ್ಯಾಕ್ಟರಿನ ಫ್ಯಾನ್ ಕಂಡು ಹುಬ್ಬು ಗಂಟಿಕ್ಕಿದರು. ಬಾಗಿಲು ತೆಗೆಯಲು ಹೋದರೆ ಹೂವಿನ ಸರ ಅಡ್ಡ.

"ಹರೀಬ್ಯಾಡ್ರಿ ಅವ್ವಾರ, ಸಂಜೀಕ ಮೆರವಣಿಗಿ ಐತಿ," ಎಂದಳು ನೀಲವ್ವ. "ಬರ್ರಿ, ಕೂಡ್ರಿ, ಅವಲಕ್ಕಿ ತಿನ್ರಿ."

ಡಾಕ್ಟರು ಅವಲಕ್ಕಿ ತಿಂದರು, ಚಹಾ ಕುಡಿದರು. ಒಮ್ಮೆ ಹೀಗೇ ಥಳಥಳ ಹೊಳೆಯುವ ಗಾಡಿಯೊಂದನ್ನು ಕೊಂಡು ಮೋಸ ಹೋಗಿದ್ದನ್ನು ಹೇಳಿದರು. "ಹುಳುಕ ಹಲ್ಲಿನ ಮ್ಯಾಲೆ ಚಲೋ ಸಿಮೆಂಟ್ ಹಾಕಿದಂಗಿತ್ತು ನೋಡ್ರಿ," ಎಂದು ನಕ್ಕರು. ಗುರುಶಾಂತಪ್ಪನಿಗೆ ಮಾತಿನ ಮೊನೆ ತಿಳಿಯಲಿಲ್ಲ, ಅವನೂ ನಕ್ಕ. "ವಿಚಾರ ಮಾಡಿ ಹೇಳ್ತೀನ್ರಿ," ಎಂದು ಅವರು ಎದ್ದರು. ನಮ್ಮ ಕಡೆ ಹಾಗೆಂದು ಹೋದವರು ಮತ್ತೆ ಬರುವುದಿಲ್ಲ. ಗುರುಶಾಂತಪ್ಪ ಗೇಟಿನ ತನಕ ಬಿಟ್ಟುಬಂದು ನನ್ನ ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. "ಏನ್ ಕಡಿಮಿ ಮಾಡಿದ್ವಿ ನಾವು?" ಎಂದು ಹೆಂಡತಿಯನ್ನು ಕೇಳಿದ. ಕಡಿಮೆ ಮಾಡಿದ್ದರೆ ಚೆನ್ನಾಗಿರುತ್ತಿತ್ತು ಮಾರಾಯ ಎಂದು ಹೇಳಲು ನನಗೆ ಬಾಯಿರಲಿಲ್ಲ.

ಸಂಜೆಯ ಮೆರವಣಿಗೆ ನನ್ನ ಕೊನೆಯದು. ಇಳಿಬಿಸಿಲು ಇನ್ನೂ ಸುಡುತ್ತಿತ್ತು. ಮದುಮಗ, ಮದುಮಗಳು, ಅವರ ಪಕ್ಕಕ್ಕೆ ಮನೆಯ ಚಿಕ್ಕ ಮಕ್ಕಳು, ಎಲ್ಲರೂ ನನ್ನ ಬೆನ್ನು ಏರಿದ್ದರು. ಬ್ಯಾಂಡಿನವರು ಮುಂದೆ ಸರಿಯುವುದೇ ಬೇಡ ಎಂದು ನಿಂತಿದ್ದರು. ನಮ್ಮ ಹಿಂದೆ ರಸ್ತೆ ಪೂರ್ತಿ ಕಟ್ಟಿಹೋಗಿತ್ತು. ಹಾರ್ನ್ ಹೊಡೆದು ಸೋತ ಗಾಡಿಗಳ ಸಾಲಿನಲ್ಲಿ ಒಂದು ಬೆಳಗಾವಿಯ ಕಾರೂ ಇತ್ತು. ಧಾರವಾಡದ ಚಿಕ್ಕಮ್ಮನ ಮನೆಯಲ್ಲಿ ಉಂಡು ಊರಿಗೆ ಹೊರಟಿದ್ದ ಶಾಲ್ಮಲಾ ಡಾಕ್ಟರು ಬೇಸತ್ತು ಇಳಿದು, ಏನಿದು ಗದ್ದಲ ಎಂದು ನಡೆದು ಬಂದರು. ಬಂದವರು ನನ್ನನ್ನು ಕಂಡು ನಿಂತುಬಿಟ್ಟರು.

ಮತ್ತೆ ಬಾನೆಟ್ ಮೇಲೆ ಅಂಗೈ. ಈ ಸಲ ಅದು ಹಿಂದಕ್ಕೆ ಹೋಗಲಿಲ್ಲ. ನನ್ನ ಪಕ್ಕದಲ್ಲೇ ನಡೆಯುತ್ತ ಬಗ್ಗಿ ಎಂಜಿನ್ನಿನ ಶಾಖ ತೋರಿಸುವ ಮುಳ್ಳು ನೋಡಿದರು. ಅದು ನಡುವಿನಲ್ಲಿ ಕದಲದೆ ನಿಂತಿತ್ತು.

"ಯಾವಾಗಿಂದ ಹಿಂಗ ನಡಸಾಕತ್ತೀರಿ?" ಎಂದು ಗುರುಶಾಂತಪ್ಪನನ್ನು ಕೇಳಿದರು.

"ಊಟ ಆದಾಗಿಂದ್ರಿ."

"ಇಷ್ಟ ಬಿಸಲಾಗ, ಒಂದನೇ ಗೇರಿನ್ಯಾಗ? ನೀರು ಕುದಿಲಿಲ್ಲೇನು?"

"ಟ್ರ್ಯಾಕ್ಟರಿನ ಫ್ಯಾನ್ ಹಾಕಿ ಎಷ್ಟೋ ವರ್ಷ ಆತು, ಯಾಕ ಕುದೀತೈತ್ರಿ?" ಎಂದ ಅವನು, ಅವರಿಗೆ ಯಾಕೆ ಸಂಶಯ ಎಂದು ಅರ್ಥವಾಗದೆ.

ಡಾಕ್ಟರು ಬಗ್ಗಿ ನನ್ನ ಮೂಗಿನೊಳಗೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು. ಮತ್ತೆ ಕೇಳಿದರು, "ಹಂಗಾದ್ರ ಮುಂಜಾನೆ ಯಾಕ ಕಾಯಿಸಿ ಇಟ್ಟಿದ್ರಿ?"

"ನೀವು ಬರಾವರಿದ್ರೆಲ್ರಿ. ದೂರಿಂದ ಬಂದಾವರನ್ನ ಗಾಡಿ ಬಿಸಿ ಆಗೂತನಕ ನಿಲ್ಲಿಸಿ ಕಾಯಸೂದು ಹೆಂಗ್ರಿ?"

"ಮತ್ತ ಈ ಬಣ್ಣ?"

"ನಾಕ ಮಂದಿ ಮುಂದ ಇದನ್ನ ಹಳೇ ಬಟ್ಟ್ಯಾಗ ನಿಲ್ಲಿಸ್ಲಿಕ್ಕೆ ಆಗ್ತದೇನ್ರಿ?"

ಡಾಕ್ಟರು ಅವನ ಮುಖವನ್ನೇ ನೋಡಿದರು. ಅಷ್ಟರಲ್ಲಿ ಕಲ್ಯಾಣ ಮಂಟಪ ಬಂತು. ಬಾಗಿಲಿನ ಸರವನ್ನು ಯಾರೋ ಬಿಚ್ಚಿದರು. ನನ್ನ ಮೇಲೆ ಇನ್ನೂ ಅಷ್ಟೂ ಜನ ಕೂತಿದ್ದರು. ಡಾಕ್ಟರು ಮುಂದೆ ಬಂದು ಬಾಗಿಲಿಗೆ ಒಂದು ಬೆರಳು ಕೊಟ್ಟರು. ಬೆನ್ನಿನ ಮೇಲೆ ಒಂದು ಮನೆತನವನ್ನೇ ಹೊತ್ತಿದ್ದ ನಾನು, ಮುಂಬಯಿಯಲ್ಲಿ ದಿನ್‌ಶಾ ಸಾಹೇಬರಿಗೆ ತೆರೆದಂತೆಯೇ ತೆರೆದುಕೊಂಡೆ.

"ನಾಳೆ ಲಾರಿ ಬರೂದಕ್ಕಿಂತ ಮೊದಲ ನಾ ಬರ್ತೀನಿ," ಎಂದರು ಅವರು, ಲಾರಿಯ ಸಂಗತಿ ಅವನ ಬಾಯಿಂದ ಕೇಳಿದ ಮೇಲೆ.

ಸೋಮವಾರ ಬೈಪಾಸಿನವರೆಗೆ ಬಿಟ್ಟುಬರುತ್ತೇನೆಂದು ಗುರುಶಾಂತಪ್ಪ ಪಕ್ಕದ ಸೀಟಿನಲ್ಲಿ ಕೂತ. ಊರು ದಾಟಿದ ಮೇಲೆ ಡಾಕ್ಟರು ಎರಡನೇ ಗೇರು ಹಾಕಿದರು, ಮೂರನೆಯದು, ಆಮೇಲೆ ನಾಲ್ಕನೆಯದು. ಎಷ್ಟೋ ವರ್ಷದ ಮೇಲೆ ಮರಗಳು ಒಂದಕ್ಕೊಂದು ಅಂಟಿಕೊಂಡವು. ಗುರುಶಾಂತಪ್ಪನ ಟೋಪಿ ಹಾರಿಹೋಯಿತು. ಅವನು ಅದನ್ನು ತಿರುಗಿ ನೋಡಲೂ ಇಲ್ಲ.

"ಹಿಂಗೂ ಓಡ್ತೈತೇನ್ರಿ ಇದು?" ಎಂದ. ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು, "ಇಷ್ಟು ವರ್ಷ ಇದನ್ನ ಕಟ್ಟಿ ಹಾಕಿದ್ನೆಲ್ರಿ ನಾನು," ಎಂದ.

ಇಲ್ಲ ಗುರುಶಾಂತಪ್ಪ, ಕಟ್ಟಿಹಾಕಲಿಲ್ಲ. ನಾನು ಓಡಿದ ವರ್ಷಗಳನ್ನು ಕೈಬೆರಳಿನಲ್ಲಿ ಎಣಿಸಬಹುದು. ನೆನಪಿಗೆ ಬರುವುದೆಲ್ಲ ನೀನು ನಡೆಸಿದ ವರ್ಷಗಳೇ.

ಈಗ ನಾನು ಬೆಳಗಾವಿಯಲ್ಲಿದ್ದೇನೆ. ಡಾಕ್ಟರ ಮನೆಯ ಹಿಂದೆ ಹೆಂಚಿನ ಶೆಡ್ಡು, ಪಕ್ಕದಲ್ಲಿ ಒಂದು ನುಗ್ಗೆ ಮರ. ಟ್ರ್ಯಾಕ್ಟರಿನ ಫ್ಯಾನನ್ನು ಅವರು ತೆಗೆಸಲಿಲ್ಲ, ನನಗೂ ಅದೀಗ ಮೈಗೆ ಒಗ್ಗಿಹೋಗಿದೆ. ನನ್ನಂಥ ಹಳೆಯ ಗಾಡಿಯನ್ನು ಕೊಳ್ಳಬೇಕೆಂದು ನಿಮಗೂ ಆಸೆಯಿದ್ದರೆ ದಿನ್‌ಶಾ ಸಾಹೇಬರ ಮಾತು ಕೇಳಿ. ಚಾಪೆ ಎತ್ತಿ, ಕೆಳಗೆ ಮಲಗಿ, ಜನ ಕೂರಿಸಿ ಬಾಗಿಲು ತೆಗೆಯಿರಿ. ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಿದ್ದರೆ ಹಾಗೇ ಹೊರಟುಹೋಗಬೇಡಿ, ಯಾಕೆ ಕಾಯಿಸಿದಿರಿ ಎಂದು ಒಂದು ಮಾತು ಕೇಳಿ.

ಇವತ್ತು ಭಾನುವಾರ. ಡಾಕ್ಟರು ಬೆಳಿಗ್ಗೆಯೇ ಬಂದು ನನ್ನ ಸೀಟಿಗೆ ಕಂಬಳಿ ಹಾಸಿದರು. ಎಂಜಿನ್ ಚಾಲೂ ಮಾಡಿ ಹದವಾಗಿ ಕಾಯಿಸಿ ಇಟ್ಟಿದ್ದಾರೆ. ಧಾರವಾಡದ ಬಸ್ಸಿಗೆ ಗುರುಶಾಂತಪ್ಪ, ನೀಲವ್ವ ಬರುತ್ತಿದ್ದಾರಂತೆ.